ಎದೆನೋವು, ಘಾಟಿ ರಸ್ತೆ ಮತ್ತು ಒಂದು ಇಂಜೆಕ್ಷನ್

ಕೊಡಗಿನಲ್ಲಿ ರಾತ್ರಿ ಹೊತ್ತು ಯಾರಿಗಾದರೂ ಎದೆನೋವು ಬಂದರೆ ಮನೆಯಲ್ಲಿ ಮೊದಲು ಶುರುವಾಗುವುದು ದಾರಿಯ ಚರ್ಚೆ. ಕುಶಾಲನಗರ, ಹುಣಸೂರು ಮೇಲೆ ಮೈಸೂರಿಗೆ ಹೋಗುವುದೋ? ಸಂಪಾಜೆ ಘಾಟಿ ಇಳಿದು ಸುಳ್ಯದ ಮೇಲೆ ಮಂಗಳೂರಿಗೋ? ವಿರಾಜಪೇಟೆ ಕಡೆಯವರಾದರೆ ಮಾಕುಟ್ಟ ಇಳಿದು ಕಣ್ಣೂರಿಗೋ? ಮಡಿಕೇರಿಯಿಂದ ಮೈಸೂರು ಸುಮಾರು 120 ಕಿ.ಮೀ. ಮಂಗಳೂರು ಅದಕ್ಕಿಂತ ಸ್ವಲ್ಪ ಜಾಸ್ತಿ. ಜಿಲ್ಲೆಗೆ ರೈಲಿಲ್ಲ, ವಿಮಾನ ನಿಲ್ದಾಣವೂ ಇಲ್ಲ. ಭಾಗಮಂಡಲದಾಚೆ ಮನೆ ಇದ್ದವರಿಗೆ ಮಡಿಕೇರಿ ಮುಟ್ಟುವುದೇ ಒಂದು ಪ್ರಯಾಣ.

ಈಚೆಗೆ ಈ ಚರ್ಚೆಗೆ ಇನ್ನೂ ಹತ್ತು ವಿಷಯ ಸೇರಿಕೊಂಡಿವೆ. ದೊಡ್ಡ ಆಸ್ಪತ್ರೆ ಬೇಕೆಂಬ ಹಳೆಯ ಬೇಡಿಕೆ, ಹೃದಯ ಜ್ಯೋತಿ ಯೋಜನೆ, ಪಕ್ಕದ ಹಾಸನದ ಸಾವುಗಳು, ಲಸಿಕೆಯ ಭಯ, ನಮ್ಮ ಪಂದಿ ಕರಿಯ (ಹಂದಿ ಮಾಂಸದ ಅಡುಗೆ) ಮೇಲಿನ ಅಪವಾದ. ಎಲ್ಲ ಒಂದಕ್ಕೊಂದು ಸುತ್ತಿಕೊಂಡು ಗಂಟಾಗಿದೆ. ಬಿಡಿಸಬೇಕಾದರೆ ಸ್ವಲ್ಪ ಹಿಂದಿನಿಂದ ಬರಬೇಕು.

ತುಂಬಾ ಹಿಂದಿನದನ್ನು ಬೇಗ ಹೇಳಿ ಮುಗಿಸುತ್ತೇನೆ. ಹೃದಯದ ನಡುಗೋಡೆಯಲ್ಲಿ ಕಣ್ಣಿಗೆ ಕಾಣದ ತೂತುಗಳಿವೆ, ರಕ್ತ ಅದರಲ್ಲೇ ಜಿನುಗುತ್ತದೆ ಎಂದು ಎರಡನೇ ಶತಮಾನದಲ್ಲಿ ಗ್ಯಾಲೆನ್ ಹೇಳಿದ. ಸಾವಿರ ವರ್ಷಕ್ಕೂ ಹೆಚ್ಚು ಕಾಲ ಜನ ಅದನ್ನು ನಂಬಿದರು. 13ನೇ ಶತಮಾನದಲ್ಲಿ ಇಬ್ನ್ ಅಲ್-ನಫೀಸ್ ಅದು ಸುಳ್ಳು, ರಕ್ತ ಶ್ವಾಸಕೋಶದ ಮೂಲಕ ಹಾದು ಬರುತ್ತದೆ ಎಂದ. 1628ರಲ್ಲಿ ವಿಲಿಯಂ ಹಾರ್ವೆ ಇಡೀ ಸುತ್ತನ್ನು ತೋರಿಸಿಕೊಟ್ಟ. ಈ ಹಾರ್ವೆ ಕೋಳಿಮೊಟ್ಟೆಗಳನ್ನೂ ಒಡೆದು ನೋಡುತ್ತಿದ್ದ. ಕಾವಿಗೆ ಇಟ್ಟ ಮೊಟ್ಟೆಯಲ್ಲಿ ಮೂರು-ನಾಲ್ಕು ದಿನಕ್ಕೆ ಒಂದು ಕೆಂಪು ಚುಕ್ಕೆ ಮಿಡಿಯುವುದು ಕಾಣುತ್ತದೆ, ಅದೇ ಹೃದಯ. ಮನುಷ್ಯರ ಭ್ರೂಣದಲ್ಲಿ ಅದು ಸುಮಾರು 22ನೇ ದಿನ ಬಡಿಯಲು ಶುರುಮಾಡುತ್ತದೆ. ಆಗ ಅದು ಬರೀ ಒಂದು ಕೊಳವೆ. ಆಮೇಲೆ ಬಾಗಿ, ಮಡಚಿ, ಒಳಗೆ ಗೋಡೆ ಎದ್ದು, ಎಂಟು ವಾರದ ಹೊತ್ತಿಗೆ ನಾಲ್ಕು ಕೋಣೆಯಾಗುತ್ತದೆ. ತಾಯಿಗೆ ಬಸುರಿನ ಸುದ್ದಿ ಗಟ್ಟಿಯಾಗುವಷ್ಟರಲ್ಲಿ ಒಳಗೆ ಕಟ್ಟಡ ಬಹುಪಾಲು ಎದ್ದಿರುತ್ತದೆ.

ಮುಂದಿನ ಕತೆ ಅರ್ಥವಾಗಲು ಎರಡು ಸಂಗತಿ ಗೊತ್ತಿದ್ದರೆ ಸಾಕು. ಒಂದು, ಹೃದಯದ ತುಂಬ ರಕ್ತ ಇದ್ದರೂ ಅದರ ಸ್ನಾಯು ಆ ರಕ್ತವನ್ನು ನೇರವಾಗಿ ಹೀರಿಕೊಳ್ಳುವುದಿಲ್ಲ. ತೋಟದ ಕೆರೆ ತುಂಬಿದ್ದರೂ ಕಾಫಿ ಹೂವಿಗೆ ನೀರು ಸ್ಪ್ರಿಂಕ್ಲರ್ ಪೈಪಿನಲ್ಲೇ ಹೋಗಬೇಕಲ್ವಾ, ಹಾಗೆ. ಮಹಾಧಮನಿಯ ಬುಡದಿಂದ ಹೊರಡುವ ಎರಡು ಸಣ್ಣ ರಕ್ತನಾಳಗಳೇ ಆ ಪೈಪು. ಎಡಗಡೆಯದು ಬೇಗ ಎರಡಾಗಿ ಒಡೆಯುತ್ತದೆ. ಡಾಕ್ಟರು 'ಮೂರರಲ್ಲೂ ಬ್ಲಾಕ್ ಇದೆ' ಎಂದರೆ ಈ ಮೂರರ ಮಾತು.

ಇನ್ನೊಂದು, ಸತ್ತ ಹೃದಯಸ್ನಾಯು ಮತ್ತೆ ಬೆಳೆಯುವುದಿಲ್ಲ. ನಮ್ಮ ದೇಶದ ಹೊಳೆ, ಗದ್ದೆ ನೀರಿನಲ್ಲಿ ಸಿಗುವ ಜೀಬ್ರಾ ಮೀನಿನ ಹೃದಯದ ತುದಿಯನ್ನು ಕತ್ತರಿಸಿದರೂ ಅದು ಒಂದೆರಡು ತಿಂಗಳಲ್ಲಿ ಮತ್ತೆ ಬೆಳೆಸಿಕೊಳ್ಳುತ್ತದೆ ಎಂದು 2002ರಲ್ಲಿ ಗೊತ್ತಾಯಿತು. ಆಗಷ್ಟೇ ಹುಟ್ಟಿದ ಇಲಿಮರಿಗೂ ಆ ಶಕ್ತಿ ಇದೆ, ಆದರೆ ಒಂದು ವಾರದೊಳಗೆ ಹೊರಟುಹೋಗುತ್ತದೆ. ಅದು 2011ರಲ್ಲಿ ತಿಳಿಯಿತು. ಮನುಷ್ಯರ ಲೆಕ್ಕ ಸಿಕ್ಕಿದ್ದು 2009ರಲ್ಲಿ. ಶೀತಲ ಸಮರದ ಕಾಲದ ಅಣುಬಾಂಬ್ ಪರೀಕ್ಷೆಗಳಿಂದ ಗಾಳಿಗೆ ಸೇರಿದ ಕಾರ್ಬನ್ ನಮ್ಮ ಜೀವಕೋಶಗಳಲ್ಲಿ ಗುರುತು ಬಿಟ್ಟಿದೆ. ಅದನ್ನು ಅಳೆದು ನೋಡಿದರೆ, 25ರ ವಯಸ್ಸಿನಲ್ಲಿ ಹೃದಯಸ್ನಾಯುವಿನ ಕೋಶಗಳು ವರ್ಷಕ್ಕೆ ಶೇ 1ರಷ್ಟು ಮಾತ್ರ ಹೊಸದಾಗುತ್ತವೆ. 75ಕ್ಕೆ ಬಂದರೆ ಅದರ ಅರ್ಧವೂ ಇಲ್ಲ.

ನಮ್ಮ ಚಿಕ್ಕಪ್ಪ ಇದನ್ನು ಅನುಭವದಿಂದ ಕಲಿತರು. ಒಂದು ಜುಲೈ ರಾತ್ರಿ ಊಟವಾದ ಮೇಲೆ ಎದೆ ಬಿಗಿದಂತಾಯಿತು, ಬೆವರಿತು. "ಸೋಡಾ ಕುಡೀರಿ, ಸರಿ ಹೋಗ್ತದೆ" ಎಂದರು ಚಿಕ್ಕಮ್ಮ. ಸರಿ ಹೋಗಲಿಲ್ಲ. ಹತ್ತಿರದ ಒಂದು ಕ್ಲಿನಿಕ್‌ನಲ್ಲಿ ಗ್ಯಾಸ್ಟ್ರಿಕ್ ಎಂದು ಇಂಜೆಕ್ಷನ್ ಕೊಟ್ಟು ಕಳಿಸಿದರು, ಇಸಿಜಿ ತೆಗೆಯಲಿಲ್ಲ. ಬೆಳಗ್ಗೆ ಮೈಸೂರು ಮುಟ್ಟುವಾಗ ಹತ್ತು ಗಂಟೆ ಕಳೆದಿತ್ತು. ಮುಚ್ಚಿದ ರಕ್ತನಾಳವನ್ನು ತೆರೆದಿಡುವ ಸಣ್ಣ ಬಲೆಯ ಕೊಳವೆ, ಅಂದರೆ ಸ್ಟೆಂಟ್ ಹಾಕಿದರು, ಜೀವ ಉಳಿಯಿತು. ಆದರೆ 'ಪಂಪಿಂಗ್', ಅಂದರೆ ಒಂದೊಂದು ಬಡಿತಕ್ಕೆ ಹೃದಯ ಹೊರತಳ್ಳುವ ರಕ್ತದ ಪಾಲು, ಶೇ 35ಕ್ಕೆ ಇಳಿದಿದೆ. ಈಗ ತೋಟದ ಇಳಿಜಾರಿನಲ್ಲಿ ಮೆಣಸಿನ ಬಳ್ಳಿ ನೋಡಲು ಅವರು ಹೋಗುವುದಿಲ್ಲ. ರಸ್ತೆಯಲ್ಲೇ ನಿಂತು ಕೆಲಸದವರನ್ನು ಕೂಗುತ್ತಾರೆ.

ಹಾಗಾದರೆ ಆ ಹತ್ತು ಗಂಟೆಯ ಬೆಲೆ ವೈದ್ಯರಿಗೆ ಯಾವಾಗ ಗೊತ್ತಾಯಿತು? ತುಂಬಾ ಹಳೆಯ ವಿಚಾರ ಅಂದುಕೊಂಡಿದ್ದೆ. ಅಲ್ಲ.

ಹೃದಯಾಘಾತವಾದವರೆಲ್ಲ ಕೂಡಲೇ ಸಾಯುವುದಿಲ್ಲ, ರಕ್ತನಾಳದಲ್ಲಿ ಹೆಪ್ಪುಗಟ್ಟಿದ ರೋಗಿಯನ್ನು ಬದುಕಿದ್ದಾಗಲೇ ಗುರುತಿಸಬಹುದು ಎಂದು 1912ರಲ್ಲಿ ಅಮೆರಿಕದ ಜೇಮ್ಸ್ ಹೆರಿಕ್ ಹೇಳಿದ. ಆಗ ಯಾರೂ ತಲೆಗೆ ಹಾಕಿಕೊಳ್ಳಲಿಲ್ಲ. ಗುರುತಿಸುವ ಯಂತ್ರ ಅಷ್ಟರಲ್ಲಿ ಬಂದಿತ್ತು. ಹಾಲೆಂಡಿನ ವಿಲೆಮ್ ಐಂತೋವನ್ ಕಟ್ಟಿದ ಇಸಿಜಿ ಯಂತ್ರ ಸುಮಾರು 270 ಕೆ.ಜಿ. ತೂಗುತ್ತಿತ್ತು, ನಡೆಸಲು ಐದು ಜನ ಬೇಕಿತ್ತು. ರೋಗಿಗಳನ್ನು ಅದರ ಬಳಿಗೆ ಒಯ್ಯುವುದು ಕಷ್ಟ. ಹಾಗಾಗಿ 1905ರಲ್ಲಿ ಆತ ಆಸ್ಪತ್ರೆಯಿಂದ ಒಂದೂವರೆ ಕಿ.ಮೀ. ದೂರದ ತನ್ನ ಪ್ರಯೋಗಾಲಯಕ್ಕೆ ಟೆಲಿಫೋನ್ ತಂತಿಯಲ್ಲೇ ಎದೆಬಡಿತವನ್ನು ತರಿಸಿಕೊಂಡ. ರೋಗಿ ಅಲ್ಲಿ, ಇಸಿಜಿ ಓದುವವರು ಇಲ್ಲಿ. ಈ ಉಪಾಯಕ್ಕೆ ನೂರಿಪ್ಪತ್ತು ವರ್ಷವಾಗಿದೆ.

ಚಿಕಿತ್ಸೆ ಮಾತ್ರ ದಶಕಗಳ ಕಾಲ ಇದ್ದಲ್ಲೇ ಇತ್ತು. ನಾಲ್ಕರಿಂದ ಆರು ವಾರ ಮಲಗಿಸುವುದು, ಅಷ್ಟೇ. ರೋಗಿಯನ್ನು ಕುರ್ಚಿಯಲ್ಲಿ ಕೂರಿಸಿದರೂ ತೊಂದರೆಯಿಲ್ಲ ಎಂದು 1952ರಲ್ಲಿ ಲೆವಿನ್ ಮತ್ತು ಲೌನ್ ಹೇಳಿದ್ದೇ ದೊಡ್ಡ ಸುದ್ದಿ. 1948ರಲ್ಲಿ ಅಮೆರಿಕದ ಫ್ರಾಮಿಂಗ್‌ಹ್ಯಾಮ್ ಎಂಬ ಊರಿನ 5,209 ಜನರ ಮೇಲೆ ಶುರುವಾದ ಅಧ್ಯಯನದಿಂದ ಬಿಪಿ, ಕೊಲೆಸ್ಟ್ರಾಲ್, ಸಿಗರೇಟಿನ ಪಾತ್ರ ತಿಳಿಯಿತು. 60ರ ದಶಕದಲ್ಲಿ ಹೃದ್ರೋಗಿಗಳಿಗೇ ಪ್ರತ್ಯೇಕ ಐಸಿಯು ಬಂತು.

ಆದರೂ ಮೂಲ ಪ್ರಶ್ನೆ ಹಾಗೇ ಇತ್ತು. ರಕ್ತ ಹೆಪ್ಪುಗಟ್ಟಿದ್ದರಿಂದ ಹೃದಯಾಘಾತವೋ, ಹೃದಯಾಘಾತವಾದ ಮೇಲೆ ರಕ್ತ ಹೆಪ್ಪುಗಟ್ಟುವುದೋ? ನಂಬಿದರೆ ನಂಬಿ, 70ರ ದಶಕದಲ್ಲೂ ಎರಡನೆಯದೇ ಸರಿ ಎನ್ನುವ ತಜ್ಞರು ಬೇಕಾದಷ್ಟಿದ್ದರು. 1980ರಲ್ಲಿ ಮಾರ್ಕಸ್ ಡಿವುಡ್ ಎಂಬ ಅಮೆರಿಕದ ವೈದ್ಯರು ಧೈರ್ಯ ಮಾಡಿದರು. ಎದೆನೋವಿನಿಂದ ಒದ್ದಾಡುತ್ತಿದ್ದವರಿಗೇ ಆಂಜಿಯೋಗ್ರಾಂ (ಹೃದಯದ ರಕ್ತನಾಳದ ಎಕ್ಸ್‌ರೇ ಚಿತ್ರ) ಮಾಡಿ ನೋಡಿದರು. ಅಂಥ ರೋಗಿಗಳನ್ನು ಮುಟ್ಟಬಾರದು ಎಂಬುದು ಆಗಿನ ನಿಯಮ. ನಾಲ್ಕು ಗಂಟೆಯೊಳಗೆ ನೋಡಿದವರಲ್ಲಿ ಶೇ 87 ಜನರ ರಕ್ತನಾಳ ಪೂರ್ತಿ ಮುಚ್ಚಿತ್ತು. ಅರ್ಧ ದಿನ ಕಳೆದು ನೋಡಿದವರಲ್ಲಿ ಅದು ಶೇ 65. ಅಂದರೆ ಹೆಪ್ಪು ಮೊದಲೇ ಇರುತ್ತದೆ, ಆಮೇಲೆ ನಿಧಾನವಾಗಿ ಕೆಲವರಲ್ಲಿ ಕರಗುತ್ತದೆ. ನಾವೇ ಬೇಗ ಕರಗಿಸಿಬಿಟ್ಟರೆ?

ಕರಗಿಸುವ ಔಷಧಿ 1933ರಿಂದಲೇ ಗೊತ್ತಿತ್ತು. ಗಂಟಲುನೋವು ತರುವ ಬ್ಯಾಕ್ಟೀರಿಯಾದಿಂದ ಸಿಗುವ ಸ್ಟ್ರೆಪ್ಟೋಕೈನೇಸ್ ಅದು. 1986ರಲ್ಲಿ ಇಟಲಿಯ ವೈದ್ಯರು ಹನ್ನೊಂದು ಸಾವಿರಕ್ಕೂ ಹೆಚ್ಚು ರೋಗಿಗಳಲ್ಲಿ ಅದನ್ನು ಪರೀಕ್ಷಿಸಿದ ಫಲಿತಾಂಶ ಬಂತು. ನೋವು ಶುರುವಾದ ಒಂದು ಗಂಟೆಯೊಳಗೆ ಕೊಟ್ಟರೆ ಸಾವು ಹೆಚ್ಚುಕಡಿಮೆ ಅರ್ಧಕ್ಕೆ ಇಳಿದಿತ್ತು. ಆರು ಗಂಟೆ ಕಳೆದ ಮೇಲೆ ಅವರಿಗೆ ಲಾಭ ಕಾಣಲಿಲ್ಲ. 1988ರಲ್ಲಿ ಇನ್ನೂ ದೊಡ್ಡ ಪರೀಕ್ಷೆ ನಡೆಯಿತು, 17,187 ಜನ. ಈ ಇಂಜೆಕ್ಷನ್ ಜೊತೆಗೆ ಒಂದು ತಿಂಗಳು ದಿನಾ ಬರೀ ಆಸ್ಪಿರಿನ್. ಐದು ವಾರದೊಳಗಿನ ಸಾವು ಶೇ 13.2ರಿಂದ ಶೇ 8ಕ್ಕೆ ಇಳಿಯಿತು. ಆಸ್ಪಿರಿನ್ ಒಂದೇ ಕೊಟ್ಟವರಲ್ಲೂ ಸಾವು ಸುಮಾರು ಕಾಲು ಭಾಗ ಕಮ್ಮಿ. ಬೀದಿಬದಿಯ ಮೆಡಿಕಲ್ ಶಾಪಿನಲ್ಲಿ ಸಿಗುವ ಮಾತ್ರೆ ಇದು!

ನನ್ನ ಮಟ್ಟಿಗೆ ಇಡೀ ಕತೆಯ ನಡುಗಂಬ ಈ ಎಂಟು ವರ್ಷ. ಆದರೆ ಜನರ ಮನಸ್ಸಿನಲ್ಲಿ ಉಳಿದದ್ದು ಬೇರೆ. 1977ರಲ್ಲಿ ಜ್ಯೂರಿಕ್‌ನಲ್ಲಿ ಆಂಡ್ರಿಯಾಸ್ ಗ್ರೂಂಟ್ಸಿಗ್ ಬಲೂನಿನಿಂದ ಹೃದಯದ ರಕ್ತನಾಳ ಬಿಡಿಸಿದ್ದರು. 1986ರಲ್ಲಿ ಸ್ಟೆಂಟ್ ಬಂತು. ಹೃದಯಾಘಾತವಾದ ಕೂಡಲೇ ಬಲೂನು ಹಾಕಿದರೆ ಇಂಜೆಕ್ಷನ್‌ಗಿಂತ ಒಳ್ಳೆಯದು ಎಂದು 90ರ ದಶಕದಲ್ಲಿ ಸಾಬೀತಾಯಿತು. ಅದು ನಿಜ. ಆದರೆ ಅದಕ್ಕೊಂದು ಷರತ್ತಿದೆ: ರೋಗ ಗುರುತಿಸಿದ 120 ನಿಮಿಷದೊಳಗೆ ಆಗಬೇಕು. ಇಲ್ಲದಿದ್ದರೆ ಮೊದಲು ಇಂಜೆಕ್ಷನ್, ಆಮೇಲೆ 24 ಗಂಟೆಯೊಳಗೆ ಆಂಜಿಯೋ. ಜಾಹೀರಾತಿನಲ್ಲಿ ಷರತ್ತು ಬರುವುದಿಲ್ಲ. ಹೃದಯಾಘಾತ ಎಂದರೆ ಸ್ಟೆಂಟ್, ಸ್ಟೆಂಟ್ ಎಂದರೆ ದೊಡ್ಡ ಆಸ್ಪತ್ರೆ ಎಂಬ ಸಮೀಕರಣ ಗಟ್ಟಿಯಾಯಿತು. ಒಳ್ಳೆಯ ರಸ್ತೆ, ಖಾಲಿ ರಾತ್ರಿ, ರೆಡಿ ಆಂಬುಲೆನ್ಸ್ ಎಲ್ಲ ಇದ್ದರೂ ಮಡಿಕೇರಿಯಿಂದ 120 ನಿಮಿಷದಲ್ಲಿ ಮೈಸೂರಿನ ಕ್ಯಾಥ್‌ಲ್ಯಾಬ್ (ಬಲೂನು, ಸ್ಟೆಂಟ್ ಹಾಕುವ ಕೋಣೆ) ಮೇಜಿನ ಮೇಲೆ ಮಲಗುವುದು ಕಷ್ಟ.

ನಮ್ಮ ಜಿಲ್ಲೆಯ ಬೇಡಿಕೆ ಬೆಳೆದದ್ದು ಇದೇ ಸಮೀಕರಣದ ಮೇಲೆ. 2016ರಲ್ಲಿ ಮಡಿಕೇರಿಗೆ ಮೆಡಿಕಲ್ ಕಾಲೇಜು ಬಂತು. 2018ರ ಆಗಸ್ಟ್‌ನಲ್ಲಿ ಗುಡ್ಡ ಕುಸಿದು ಸಂಪಾಜೆ ರಸ್ತೆಯೇ ಬಂದಾಯಿತು. ಮಂಗಳೂರಿನ ದಾರಿ ಎಂಬುದು ನಕ್ಷೆಯಲ್ಲಿ ಮಾತ್ರ ಉಳಿಯಿತು. ಮರುವರ್ಷ ಜೂನ್‌ನಲ್ಲಿ 'ಕೊಡಗಿಗೆ ತುರ್ತು ಆಸ್ಪತ್ರೆ ಬೇಕು' ಎಂಬ ಕೂಗು ಟ್ವಿಟರ್‌ನಲ್ಲಿ ಎದ್ದಿತು, ಸಿನಿಮಾದವರೂ ದನಿಗೂಡಿಸಿದರು. ಬೇಡಿಕೆಯಲ್ಲಿ ತಪ್ಪೇನಿಲ್ಲ. ಅಪಘಾತವಾದವರಿಗೆ, ಹೆರಿಗೆಯ ತೊಡಕಿನವರಿಗೆ ಅದು ಬೇಕೇ ಬೇಕು. ಆದರೆ 2011ರ ಜನಗಣತಿಯಲ್ಲಿ ಐದೂವರೆ ಲಕ್ಷ ಜನರಿದ್ದ ಜಿಲ್ಲೆ ಇದು. ಇಲ್ಲಿ ಕ್ಯಾಥ್‌ಲ್ಯಾಬ್ ಕಟ್ಟಡ ಎದ್ದರೂ, ರಾತ್ರಿ ಎರಡು ಗಂಟೆಗೆ ಅದನ್ನು ನಡೆಸುವ ತಜ್ಞರು, ಟೆಕ್ನಿಷಿಯನ್, ನರ್ಸ್ ವರ್ಷವಿಡೀ ಬೇಕು. ಕಟ್ಟಡದ ಬಗ್ಗೆ ಮಾತಾಡಿದಷ್ಟು ನಾವು ಇಂಜೆಕ್ಷನ್ ಬಗ್ಗೆ ಮಾತಾಡಲಿಲ್ಲ.

ಇಂಜೆಕ್ಷನ್ ಸುಮ್ನೆ ಕೊಡುವಂಥದ್ದಲ್ಲ ಎಂಬುದೂ ನಿಜ. ಹೆಪ್ಪು ಕರಗಿಸುವ ಔಷಧಿ ರಕ್ತಸ್ರಾವವನ್ನೂ ತರಬಹುದು. ನೂರರಲ್ಲಿ ಒಬ್ಬರಿಗೆ ಮಿದುಳಿನಲ್ಲೇ ಆಗುವ ಅಪಾಯ ಇದೆ. ತಾಲ್ಲೂಕು ಆಸ್ಪತ್ರೆಯಲ್ಲಿ ರಾತ್ರಿ ಒಬ್ಬರೇ ಇರುವ ಚಿಕ್ಕ ವಯಸ್ಸಿನ ಡಾಕ್ಟರು ಹಿಂಜರಿದರೆ ಅವರನ್ನು ಬೈಯುವುದು ಸರಿಯಲ್ಲ. 'ಹೌದು, ಇದು ಹೃದಯಾಘಾತವೇ, ಕೊಡಿ' ಎಂದು ಹೇಳಲು ಅವರಿಗೊಬ್ಬರು ಬೇಕು. ಐಂತೋವನ್ ತಂತಿ ಎಳೆದದ್ದು ಇಂಥದ್ದಕ್ಕೇ ಅಲ್ವಾ?

ತಮಿಳುನಾಡಿನಲ್ಲಿ ಈ ಜಾಲ ಕಟ್ಟಿ ನೋಡಿದರು. ಸಣ್ಣ ಆಸ್ಪತ್ರೆಯಲ್ಲಿ ಇಸಿಜಿ ಮತ್ತು ಇಂಜೆಕ್ಷನ್, ಆಮೇಲೆ ದೊಡ್ಡ ಆಸ್ಪತ್ರೆಗೆ ರವಾನೆ. 2017ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ ಒಂದು ವರ್ಷದೊಳಗಿನ ಸಾವು ಶೇ 17.6ರಿಂದ 14.2ಕ್ಕೆ ಇಳಿಯಿತು. ನಮ್ಮ ಕಡೆ ಮಂಗಳೂರಿನ ಹೃದ್ರೋಗ ತಜ್ಞ ಡಾ. ಪದ್ಮನಾಭ ಕಾಮತ್ ಹಳ್ಳಿ ಆಸ್ಪತ್ರೆಗಳಿಗೆ ಇಸಿಜಿ ಯಂತ್ರ ಕೊಡಿಸಿ, ವಾಟ್ಸ್ಆಪ್‌ನಲ್ಲಿ ವರದಿ ನೋಡುವ ಕೆಲಸ ಶುರುಮಾಡಿದರು. 2023ರಲ್ಲಿ ರಾಜ್ಯ ಸರ್ಕಾರ ಪುನೀತ್ ರಾಜ್‌ಕುಮಾರ್ ಹೆಸರಿನಲ್ಲಿ ಹೃದಯ ಜ್ಯೋತಿ ತಂದಿತು. ಪುನೀತ್ 2021ರಲ್ಲಿ 46ನೇ ವಯಸ್ಸಿಗೇ ಹೋದವರು. ಇಸಿಜಿ ಜಯದೇವದಂಥ ಆಸ್ಪತ್ರೆಯ ತಜ್ಞರಿಗೆ ಹೋಗುತ್ತದೆ, ಅವರು ಹೇಳಿದರೆ ಟೆನೆಕ್ಟಿಪ್ಲೇಸ್ ಇಂಜೆಕ್ಷನ್ ಉಚಿತ. ಇದು ಸ್ಟ್ರೆಪ್ಟೋಕೈನೇಸ್‌ನಂತೆ ಸುಮಾರು ಒಂದು ಗಂಟೆ ಡ್ರಿಪ್‌ನಲ್ಲಿ ಹೋಗಬೇಕಿಲ್ಲ, ಒಂದೇ ಸಲಕ್ಕೆ ಕೊಡಬಹುದು.

ಅಷ್ಟರಲ್ಲಿ 2025ರ ಹಾಸನ ಬಂತು. ಒಂದೂವರೆ ತಿಂಗಳಲ್ಲಿ ಹೃದಯಾಘಾತದ ಸಾಲುಸಾಲು ಸಾವಿನ ಸುದ್ದಿ, ಚಿಕ್ಕ ವಯಸ್ಸಿನವರದ್ದೂ. ಮೈಸೂರಿನ ಜಯದೇವದ ಮುಂದೆ ತಪಾಸಣೆಗೆ ಜನ ಕ್ಯೂ ನಿಂತರು, ನಮ್ಮೂರವರೂ ಹೋದರು. ಕೋವಿಡ್ ಲಸಿಕೆಗೂ ಇದಕ್ಕೂ ನಂಟು ಕಾಣುತ್ತಿಲ್ಲ ಎಂದು ತಜ್ಞರ ಸಮಿತಿ ಹೇಳಿತು. ವಾಟ್ಸ್ಆಪ್ ಒಪ್ಪಲಿಲ್ಲ.

ಚಿಕ್ಕ ವಯಸ್ಸಿನ ಸಾವು ನಮ್ಮ ಭಾಗಕ್ಕೆ ಹೊಸದೇನಲ್ಲ. 52 ದೇಶಗಳಲ್ಲಿ ನಡೆದ ಒಂದು ಅಧ್ಯಯನದಲ್ಲಿ ದಕ್ಷಿಣ ಏಷ್ಯಾದವರಿಗೆ ಮೊದಲ ಹೃದಯಾಘಾತ ಸರಾಸರಿ 53ಕ್ಕೇ ಬಂದಿತ್ತು, ಬೇರೆಯವರಿಗೆ 59ರ ಹತ್ತಿರ. ಹೃದಯಸ್ನಾಯುವಿನ ಒಂದು ಜೀನ್‌ನಲ್ಲಿ 25 ಅಕ್ಷರ ಕಾಣೆಯಾಗಿರುವುದು ಭಾರತೀಯರಲ್ಲಿ ಸುಮಾರು ಶೇ 4 ಜನರಿಗಿದೆ ಎಂದು 2009ರಲ್ಲಿ ಗೊತ್ತಾಯಿತು. ಅದು ವಯಸ್ಸಾಗುತ್ತಾ ಸ್ನಾಯುವನ್ನು ದುರ್ಬಲ ಮಾಡಬಹುದು, ಆದರೆ ಅದು ಬ್ಲಾಕ್ ಅಲ್ಲ, ಬೇರೆ ಕಾಯಿಲೆ. ಬ್ಲಾಕ್ ವಿಷಯಕ್ಕೆ ಬಂದರೆ ಅದೇ 52 ದೇಶಗಳ ಅಧ್ಯಯನದಲ್ಲಿ ಮುಂಚೂಣಿಯಲ್ಲಿದ್ದವು ಎರಡೇ: ರಕ್ತದಲ್ಲಿನ ಕೊಬ್ಬಿನ ಏರುಪೇರು ಮತ್ತು ಸಿಗರೇಟು. ನಮ್ಮಲ್ಲಿ ಪಂದಿ ಕರಿಯನ್ನು ಬೈಯುವವರು ಬಹಳ, ಅಂಗಿ ಜೇಬಿನ ಪ್ಯಾಕ್ ಬಗ್ಗೆ ಮಾತಾಡುವವರು ಕಡಿಮೆ.

ಈಗಿನ ಲೆಕ್ಕ ಹೀಗಿದೆ. ಇಂಜೆಕ್ಷನ್ ಬೇಗ ಸಿಕ್ಕಿ ಹೆಪ್ಪು ಕರಗಿದರೆ, ಮೈಸೂರು ಮುಟ್ಟಲು ಎರಡು ಗಂಟೆಯ ಬದಲು ಇಡೀ ದಿನ ಸಿಗುತ್ತದೆ. ಮರ ಬಿದ್ದು ರಸ್ತೆ ಬಂದಾದರೂ ಕಡಿದು ದಾಟಬಹುದು. ಉಳಿಯುವುದು ಅದಕ್ಕೆ ಮುಂಚಿನ ಹೊತ್ತು: ಸೋಡಾ ಕುಡಿದು ಕಾಯುವ ಒಂದು ಗಂಟೆ, ತೋಟದ ಕೆಲಸದವರ ಲೈನ್ ಮನೆಯಿಂದ ಗಾಡಿ ಹುಡುಕುವ ಇನ್ನೊಂದು ಗಂಟೆ. ಆಮೇಲೆ ನೆಟ್‌ವರ್ಕ್. ಇಸಿಜಿ ಯಂತ್ರ ಬ್ಯಾಟರಿಯಲ್ಲೂ ಓಡುತ್ತದೆ. ಜುಲೈ ಗಾಳಿಮಳೆಗೆ ಕರೆಂಟ್ ಹೋಗಿ ಎರಡನೇ ದಿನಕ್ಕೆ ನಮ್ಮೂರ ಟವರ್‌ನ ಡೀಸೆಲ್ ಖಾಲಿಯಾಗುತ್ತದೆ, ಆಗ ಆ ಇಸಿಜಿಯ ಫೋಟೋ ಹಿಡಿದು ಸಿಗ್ನಲ್ ಸಿಗುವ ಗುಡ್ಡಕ್ಕೆ ಯಾರಾದರೂ ಬೈಕ್ ಓಡಿಸಬೇಕು.