ಅದೇ ಸಿಮ್ ಹಾಕಿದರೂ ಅಥೆಂಟಿಕೇಟರ್ ಆಪ್ ಖಾಲಿ ಯಾಕೆ?

ಪ್ರಶ್ನೆ: ಹಬ್ಬದ ಆಫರ್ ಇತ್ತು ಅಂತ ಹಳೇ ಫೋನ್ ಎಕ್ಸ್‌ಚೇಂಜ್‌ಗೆ ಕೊಟ್ಟು ಹೊಸದು ತಗೊಂಡೆ ಸರ್. ಸಿಮ್ ಅದೇ, ನಂಬರ್ ಅದೇ. ವಾಟ್ಸಾಪ್ ಕೂಡ ಸರಿಯಾಗಿ ಬಂತು. ಅಥೆಂಟಿಕೇಟರ್ ಆಪ್‌ನಲ್ಲಿ ಮಾತ್ರ ಒಂದು ಕೋಡೂ ಇಲ್ಲ. ನಂಬರ್ ಅದೇ ಇದ್ದ ಮೇಲೆ ಕೋಡ್ ಯಾಕೆ ಬರ್ತಿಲ್ಲ? ಯಾವ ಆಪ್ ಹಾಕಿದರೆ ಬರುತ್ತೆ?
— ಓದುಗರೊಬ್ಬರು, ಮಂಡ್ಯ

ಮೊದಲೇ ಬ್ಯಾಕಪ್ ಇಟ್ಟಿರದಿದ್ದರೆ ಯಾವ ಆಪ್ ಹಾಕಿದರೂ ಬರುವುದಿಲ್ಲ. ಗೊತ್ತಿಲ್ಲದವರಿಗೆ: ಲಾಗಿನ್ ಆಗುವಾಗ ಪಾಸ್‌ವರ್ಡ್ ಜೊತೆ ಕೇಳುವ ಆರು ಅಂಕಿಯ ಕೋಡ್ ತೋರಿಸುವುದೇ ಅಥೆಂಟಿಕೇಟರ್ ಆಪ್. ಇದನ್ನು ಎಷ್ಟು ಸಲ ಬರೆದಿದ್ದೇನೋ ನನಗೇ ಲೆಕ್ಕವಿಲ್ಲ. ಕೇಳುವವರ ಊರು ಬದಲಾಗುತ್ತದೆ, ಪ್ರಶ್ನೆ ಬದಲಾಗುವುದಿಲ್ಲ. ದಸರಾ, ದೀಪಾವಳಿ ಆಫರ್ ಮುಗಿದ ಮೇಲಂತೂ ದೇವರಾಜ ಅರಸು ರಸ್ತೆಯಿಂದ ಹೊಸ ಫೋನ್ ತಂದವರೆಲ್ಲ ಇದನ್ನೇ ಕೇಳುತ್ತಾರೆ.

ಮೊದಲು ಅರ್ಜೆಂಟ್ ಕೆಲಸ. ಫೋನ್ ಕೊಟ್ಟು ಒಂದೆರಡು ದಿನವಷ್ಟೇ ಆಗಿದ್ದರೆ ಅಂಗಡಿಯವರಿಗೆ ಫೋನ್ ಮಾಡಿ. ರೀಸೆಟ್ ಆಗದೆ ಡ್ರಾಯರ್‌ನಲ್ಲೇ ಬಿದ್ದಿರಬಹುದು, ಹಾಗಿದ್ದರೆ ನಿಮ್ಮ ಕೋಡ್‌ಗಳು ಅದರೊಳಗೇ ಇರುತ್ತವೆ. ರೀಸೆಟ್ ಆಗಿದ್ದರೆ ಆ ಆಸೆ ಬಿಡಿ. ಆಮೇಲೆ ಮನೆಯ ಲ್ಯಾಪ್‌ಟಾಪ್‌ನಲ್ಲೋ ಹೊಸ ಫೋನ್‌ನಲ್ಲೋ ಯಾವ್ಯಾವ ಅಕೌಂಟ್ ಇನ್ನೂ ಲಾಗಿನ್ ಆಗಿಯೇ ಇದೆ ನೋಡಿ. ದಯವಿಟ್ಟು ಅಲ್ಲಿಂದ ಲಾಗೌಟ್ ಮಾಡಬೇಡಿ. ಸೆಕ್ಯುರಿಟಿ ಸೆಟ್ಟಿಂಗ್ಸ್‌ಗೆ ಹೋಗಿ ಅಥೆಂಟಿಕೇಟರ್ ಬದಲಾಯಿಸುವ ಆಯ್ಕೆ ಒತ್ತಿ, ಹೊಸ ಕ್ಯೂಆರ್ ಕೋಡ್ ಪಡೆದು ಹೊಸ ಫೋನ್‌ನಿಂದ ಸ್ಕ್ಯಾನ್ ಮಾಡಿ. ಲಾಗೌಟ್ ಆಗಿದ್ದರೆ ಬ್ಯಾಕಪ್ ಕೋಡ್ ಹುಡುಕಿ, ಅಂದರೆ ಇಂಥ ಹೊತ್ತಿಗೆ ಅಂತ ಕಂಪನಿ ಮೊದಲೇ ಕೊಟ್ಟಿರುವ ಕೋಡ್. ಅದೂ ಇಲ್ಲದಿದ್ದರೆ ಆಯಾ ಕಂಪನಿಯ ಅಕೌಂಟ್ ರಿಕವರಿ ಫಾರ್ಮ್ ತುಂಬಿ ಕಾಯಬೇಕು. ಬೇರೆ ದಾರಿ ಇಲ್ಲ.

ಈಗ ಆ 'ನಂಬರ್ ಅದೇ ಇದ್ದ ಮೇಲೆ' ಅನ್ನುವ ಮಾತಿಗೆ ಬರುತ್ತೇನೆ.

ಈ ನಂಬಿಕೆ ಎಲ್ಲಿಂದ ಬಂತು ಅಂತ ನನಗೆ ಅರ್ಥವಾಗುತ್ತದೆ. ಬ್ಯಾಂಕಿನ ಒಟಿಪಿ ನಂಬರ್‌ಗೆ ಬರುತ್ತದೆ. ಆಧಾರ್‌ದೂ ಹಾಗೇ. ಗ್ಯಾಸ್ ಸಿಲಿಂಡರ್ ತಂದವನಿಗೆ ಹೇಳುವ ಕೋಡ್ ಕೂಡ ನಂಬರ್‌ಗೇ ಬರುತ್ತದೆ. ಹಾಗಾಗಿ ಆರು ಅಂಕಿ ಕಂಡ ಕಡೆಯೆಲ್ಲ ಅದನ್ನು ಯಾರೋ ನಮ್ಮ ನಂಬರ್‌ಗೆ ಕಳಿಸುತ್ತಿದ್ದಾರೆ ಅಂದುಕೊಳ್ಳುತ್ತೇವೆ. ಅಥೆಂಟಿಕೇಟರ್ ಆಪ್‌ಗೆ ಯಾರೂ ಏನನ್ನೂ ಕಳಿಸುವುದಿಲ್ಲ. ಗೂಗಲ್ ಕಳಿಸುವುದಿಲ್ಲ, ಏರ್‌ಟೆಲ್ ಕಳಿಸುವುದಿಲ್ಲ, ಜಿಯೋ ಕಳಿಸುವುದಿಲ್ಲ.

ನಂಬಿಕೆ ಬರಲಿಲ್ಲವೇ? ಆಪ್ ಕೆಲಸ ಮಾಡುತ್ತಿರುವ ಯಾರದ್ದಾದರೂ ಫೋನ್ ತಗೊಳ್ಳಿ. ಫ್ಲೈಟ್ ಮೋಡ್ ಹಾಕಿ. ವೈಫೈ ಆಫ್ ಮಾಡಿ. ಬೇಕಾದರೆ ಸಿಮ್ಮನ್ನೇ ಹೊರಗೆ ತೆಗೆದು ಮೇಜಿನ ಮೇಲಿಡಿ. ಈಗ ಆಪ್ ತೆರೆಯಿರಿ. ಆರು ಅಂಕಿ ಇರುತ್ತದೆ, ಪಕ್ಕದಲ್ಲೇ ಒಂದು ಸಣ್ಣ ವೃತ್ತ ಕರಗುತ್ತಾ ಹೋಗುತ್ತದೆ. ವೃತ್ತ ಮುಗಿದ ತಕ್ಷಣ ಹೊಸ ಆರು ಅಂಕಿ. ನೆಟ್ ಇಲ್ಲ, ಸಿಮ್ ಇಲ್ಲ, ಟವರ್ ಇಲ್ಲ. ಆ ಅಂಕಿ ಕೊಟ್ಟು ಲ್ಯಾಪ್‌ಟಾಪ್‌ನಲ್ಲಿ ಲಾಗಿನ್ ಮಾಡಿ, ಆಗುತ್ತದೆ. ಹಾಗಾದರೆ ಅದು ಬಂದದ್ದೆಲ್ಲಿಂದ?

ಫೋನ್ ಒಳಗಿನಿಂದಲೇ. ಮೊದಲ ದಿನ ನೀವು ಸ್ಕ್ಯಾನ್ ಮಾಡಿದ ಕ್ಯೂಆರ್ ಕೋಡ್‌ನಲ್ಲಿ ಒಂದು ಗುಟ್ಟಿನ ಕೀ ಇತ್ತು. ಅದರ ಒಂದು ಪ್ರತಿ ಆ ಅಕೌಂಟ್‌ನ ಕಂಪನಿ, ಅಂದರೆ ಗೂಗಲ್ ಅಕೌಂಟ್ ಆದರೆ ಗೂಗಲ್ ಹತ್ತಿರ ಉಳಿಯಿತು, ಇನ್ನೊಂದು ನಿಮ್ಮ ಫೋನ್‌ಗೆ ಬಂತು. ಆಮೇಲೆ ಇಬ್ಬರೂ ತಮ್ಮ ತಮ್ಮ ಪಾಡಿಗೆ ಲೆಕ್ಕ ಹಾಕುತ್ತಾರೆ. 1970ರ ಜನವರಿ 1ರಿಂದ ಈ ಕ್ಷಣದವರೆಗೆ ಎಷ್ಟು ಸೆಕೆಂಡ್ ಆಯಿತು ಅಂತ ಎಣಿಸಿ, ಅದನ್ನು 30 ಸೆಕೆಂಡಿನ ತುಂಡುಗಳಾಗಿ ಮಾಡಿ, ಆ ತುಂಡಿನ ನಂಬರನ್ನು ಗುಟ್ಟಿನ ಕೀ ಜೊತೆ ಕಲಸಿ, ಬಂದ ಉತ್ತರದಿಂದ ಆರು ಅಂಕಿ ತೆಗೆಯುವುದು. ಇದಕ್ಕೆ ಟಿಒಟಿಪಿ ಅಂತಾರೆ, ಅಂದರೆ ಸಮಯ ನೋಡಿ ಮಾಡುವ ಒಟಿಪಿ. 2011ರಲ್ಲಿ ಆರ್‌ಎಫ್‌ಸಿ 6238 ಅನ್ನುವ ಇಂಟರ್ನೆಟ್ ದಾಖಲೆಯ ಹೆಸರಿನಲ್ಲಿ ಇದರ ನಿಯಮ ಪ್ರಕಟವಾಯಿತು. ಯಾರು ಬೇಕಾದರೂ ಓದಬಹುದು.

ಮೈಸೂರಿನ ಒಂದು ಮನೆಯಲ್ಲಿ ಒಂಟಿಕೊಪ್ಪಲ್ ಪಂಚಾಂಗ ಇದೆ, ಮಂಡ್ಯದ ಒಂದು ಮನೆಯಲ್ಲೂ ಅದೇ ಪಂಚಾಂಗ ಇದೆ ಅಂದುಕೊಳ್ಳಿ. ಏಕಾದಶಿ ಯಾವತ್ತು ಅಂತ ತಿಳಿಯಲು ಇವರು ಅವರಿಗೆ ಫೋನ್ ಮಾಡಬೇಕಾ? ಪುಸ್ತಕ ಒಂದೇ, ದಿನ ಒಂದೇ, ಉತ್ತರವೂ ಒಂದೇ. ಇಲ್ಲಿ ಪಂಚಾಂಗದ ಜಾಗದಲ್ಲಿ ಗುಟ್ಟಿನ ಕೀ, ದಿನದ ಜಾಗದಲ್ಲಿ ಗಡಿಯಾರ. ಅಷ್ಟೇ. ನೀವು ಎಕ್ಸ್‌ಚೇಂಜ್‌ಗೆ ಕೊಟ್ಟದ್ದು ಪಂಚಾಂಗವನ್ನು. ಈಗ ಸಿಮ್ ಹಿಡಿದುಕೊಂಡು ಏಕಾದಶಿ ಕೇಳುತ್ತಿದ್ದೀರಿ.

ಸ್ವಲ್ಪ ಯೋಚಿಸಿ ನೋಡಿ. ಅದೇ ಸಿಮ್ ಹಾಕಿದ ಕೂಡಲೇ ಕೋಡ್‌ಗಳೆಲ್ಲ ಹೊಸ ಫೋನ್‌ಗೆ ಬಂದುಬಿಡುವ ಹಾಗಿದ್ದರೆ ಈ ಆಪ್ ಯಾತಕ್ಕೆ ಬೇಕಿತ್ತು? ನಿಮ್ಮ ಹೆಸರಲ್ಲಿ ಡೂಪ್ಲಿಕೇಟ್ ಸಿಮ್ ತೆಗೆದ ಕಳ್ಳನಿಗೂ ಬಂದುಬಿಡುತ್ತಿತ್ತು, ಅಲ್ವಾ? ಸಿಮ್ ಕದ್ದವನಿಗೆ ಕೋಡ್ ಸಿಗಬಾರದು ಅಂತಲೇ ಇದನ್ನು ಸಿಮ್‌ನಿಂದ ಬೇರೆ ಇಟ್ಟಿರುವುದು. ಎಸ್ಸೆಮ್ಮೆಸ್ ಒಟಿಪಿಗೆ ಈ ಭಯ ಇದ್ದೇ ಇದೆ. ಅದಕ್ಕೇ ಅದೇ ನಂಬರ್‌ಗೆ ಹೊಸ ಸಿಮ್ ತೆಗೆದರೆ ಮೊದಲ 24 ಗಂಟೆ ಎಸ್ಸೆಮ್ಮೆಸ್ ನಿಲ್ಲಿಸಬೇಕು ಅಂತ ದೂರಸಂಪರ್ಕ ಇಲಾಖೆ 2022ರಲ್ಲೇ ಹೇಳಿದೆ. ಸಿಮ್ ಮೇಲೆ ಸರ್ಕಾರಕ್ಕೇ ಅಷ್ಟು ನಂಬಿಕೆ ಇಲ್ಲ, ನಿಮಗೆ ಯಾಕೆ ಇಷ್ಟೊಂದು?

ನ್ಯಾಯವಾಗಿ ಒಂದು ಮಾತು ಹೇಳಬೇಕು. ಆಥಿ ಅನ್ನುವ ಆಪ್ ಮೊಬೈಲ್ ನಂಬರ್ ಮೇಲೆಯೇ ಅಕೌಂಟ್ ತೆರೆಯುತ್ತದೆ. ಅದನ್ನು ಬಳಸಿದವರೇ 'ನನಗೆ ವಾಪಸ್ ಬಂತಲ್ಲ' ಅಂತ ನನ್ನ ಜೊತೆ ವಾದಕ್ಕೆ ಬರುತ್ತಾರೆ. ಅಲ್ಲೂ ನಂಬರ್ ಒಂದರಿಂದಲೇ ಬರುವುದಿಲ್ಲ. ಮೊದಲೇ ಬ್ಯಾಕಪ್ ಆನ್ ಮಾಡಿರಬೇಕು, ಅದರ ಪಾಸ್‌ವರ್ಡ್ ನೆನಪಿರಬೇಕು. ವಾಪಸ್ ಬಂದದ್ದು ಬ್ಯಾಕಪ್‌ನಿಂದ, ಸಿಮ್‌ನಿಂದಲ್ಲ.

ಇದೇ ಜಾತಿಯ ಇನ್ನೊಂದು ಸಲಹೆ: ಅನ್‌ಇನ್‌ಸ್ಟಾಲ್ ಮಾಡಿ ಮತ್ತೆ ಇನ್‌ಸ್ಟಾಲ್ ಮಾಡು, ಸರಿಹೋಗುತ್ತೆ. ಪಕ್ಕದ ಮನೆ ಹುಡುಗ ಎಲ್ಲ ಆಪ್‌ಗೂ ಕೊಡುವ ಔಷಧಿ ಇದು. ಬ್ಯಾಕಪ್ ಇಲ್ಲದ ಅಥೆಂಟಿಕೇಟರ್‌ಗೆ ಇದನ್ನು ಕೊಟ್ಟರೆ ಇದ್ದ ಕೀಗಳೂ ಹೋಗುತ್ತವೆ. ಕೋಡ್ ತಪ್ಪು ಅಂತ ಬರುತ್ತಿದ್ದರೆ ಮೊದಲು ಫೋನ್‌ನ ಟೈಮ್ ನೋಡಿ. ಗಡಿಯಾರ ಹಿಂದೆ ಮುಂದೆ ಆಗಿದ್ದರೆ ಲೆಕ್ಕವೂ ತಪ್ಪುತ್ತದೆ. ಆಟೋಮ್ಯಾಟಿಕ್ ಟೈಮ್ ಆನ್ ಮಾಡಿದರೆ ಮುಗಿಯಿತು.

ಇಷ್ಟು ಗೊತ್ತಾದರೆ ಯಾವ ಆಪ್ ಅನ್ನುವುದು ಸುಲಭ. ಕೋಡ್ ಎಲ್ಲದರಲ್ಲೂ ಒಂದೇ ಬರುತ್ತದೆ, ಒಂದೇ ಕ್ಯೂಆರನ್ನು ಎರಡು ಆಪ್‌ನಲ್ಲಿ ಸ್ಕ್ಯಾನ್ ಮಾಡಿ ನೋಡಿ. ನಾನು ಕೇಳುವುದು ಒಂದೇ: ಒಳಗೆ ಹಾಕಿದ ಕೀಯನ್ನು ನಾನು ಹೊರಗೆ ತೆಗೆಯಬಹುದಾ? ಆಥಿಯಲ್ಲಿ ಎಕ್ಸ್‌ಪೋರ್ಟ್ ಇಲ್ಲ. ಅದರ ಕಂಪ್ಯೂಟರ್ ಆಪ್ 2024ರ ಮಾರ್ಚ್‌ನಲ್ಲಿ ನಿಂತುಹೋದಾಗ ಅದನ್ನೇ ನೆಚ್ಚಿಕೊಂಡವರು ಪರದಾಡಿದರು. ಐಫೋನ್‌ನವರು ಬಳಸುತ್ತಿದ್ದ ರೈವೊ ಅನ್ನುವ ಆಪ್ ಕೈ ಬದಲಾಗಿ, 2024ರ ಜೂನ್‌ನಲ್ಲಿ ಬಂದ ಒಂದು ಅಪ್‌ಡೇಟ್ ಜನರ ಕೀಗಳನ್ನೇ ಅಳಿಸಿಹಾಕಿತು. ಬೇರೆ ಕಡೆ ಪ್ರತಿ ಇಟ್ಟವರು ಬಚಾವಾದರು.

ಆಂಡ್ರಾಯ್ಡ್ ಬಿಟ್ಟು ಹೋಗದವರಿಗೆ ನಾನು ಈಜಿಸ್ ಹೇಳುತ್ತೇನೆ. ಉಚಿತ, ಜಾಹೀರಾತಿಲ್ಲ, ಪಾಸ್‌ವರ್ಡ್ ಹಾಕಿದ ಬ್ಯಾಕಪ್ ಫೈಲ್ ತೆಗೆದುಕೊಡುತ್ತದೆ. ಮನೆಯಲ್ಲಿ ಐಫೋನೂ ಇದ್ದರೆ ಟು-ಎಫ್‌ಎಎಸ್ ಅಥವಾ ಎಂಟೆ ಆಥ್. ಮೈಕ್ರೋಸಾಫ್ಟ್‌ನದ್ದು ಆಫೀಸ್ ಕೆಲಸಕ್ಕೆ ಸರಿ. ಆದರೆ ಆಂಡ್ರಾಯ್ಡ್‌ನಲ್ಲಿ ತೆಗೆದ ಬ್ಯಾಕಪ್ಪನ್ನು ಐಫೋನ್‌ಗೆ ಇಳಿಸಲು ಆಗುವುದಿಲ್ಲ. ಗೂಗಲ್ ಅಥೆಂಟಿಕೇಟರ್ 2023ರ ಏಪ್ರಿಲ್‌ನಿಂದ ಗೂಗಲ್ ಅಕೌಂಟ್‌ಗೆ ಸಿಂಕ್ ಆಗುತ್ತದೆ, ಅಂದರೆ ಕೀಗಳ ಪ್ರತಿ ಅಲ್ಲೂ ಉಳಿಯುತ್ತದೆ. ಹೆಚ್ಚು ತಲೆ ಕೆಡಿಸಿಕೊಳ್ಳದವರಿಗೆ ಅದೇ ಸಾಕು. ಒಂದು ತೊಡಕಿದೆ: ಗೂಗಲ್‌ಗೆ ಹೋಗುವ ಕೋಡ್ ಗೂಗಲ್ ಒಳಗೇ ಇದ್ದರೆ, ಹೊರಗೆ ಬಿದ್ದ ದಿನ ಒಳಗೆ ಹೋಗುವುದು ಹೇಗೆ? ಗೂಗಲ್‌ನ ಬ್ಯಾಕಪ್ ಕೋಡ್ ಕಾಗದದ ಮೇಲೆ ಇರಲೇಬೇಕು. ಇನ್ನು ಪ್ಲೇಸ್ಟೋರ್‌ನಲ್ಲಿ ಹುಡುಕಿದಾಗ ಮೇಲೆ ಜಾಹೀರಾತಾಗಿ ಬಂದು ವಾರಕ್ಕಿಷ್ಟು ಅಂತ ದುಡ್ಡು ಕೇಳುವ ಆಪ್‌ಗಳನ್ನು ಮುಟ್ಟಬೇಡಿ. ಈ ಕೆಲಸಕ್ಕೆ ದುಡ್ಡು ಕೊಡಬೇಕಾಗಿಯೇ ಇಲ್ಲ.

ಬ್ಯಾಕಪ್ ವಿಷಯಕ್ಕೆ ಬಂದರೆ, ಜನ ಜಾಸ್ತಿ ಮಾಡುವುದು ಕ್ಯೂಆರ್‌ನ ಸ್ಕ್ರೀನ್‌ಶಾಟ್. ಅದು ಗ್ಯಾಲರಿಯಲ್ಲಿ ಉಳಿಯುತ್ತದೆ, ಅಲ್ಲಿಂದ ಗೂಗಲ್ ಫೋಟೋಸ್‌ಗೆ ಹೋಗುತ್ತದೆ. ಫೋನ್ ಕಳೆದರೆ ಗ್ಯಾಲರಿಯೂ ಹೋಯಿತು, ಗೂಗಲ್ ಲಾಕ್ ಆದರೆ ಫೋಟೋಸೂ ಹೋಯಿತು. ಸಾಲದ್ದಕ್ಕೆ ಆ ಚಿತ್ರ ನೋಡಿದವರೆಲ್ಲ ನಿಮ್ಮ ಕೋಡ್ ತೆಗೆಯಬಹುದು. ಅದರ ಬದಲು ಕ್ಯೂಆರ್ ಕೆಳಗೆ 'ಸ್ಕ್ಯಾನ್ ಮಾಡಲು ಆಗುತ್ತಿಲ್ಲವೇ' ಅನ್ನುವಂಥ ಒಂದು ಸಾಲು ಇರುತ್ತದೆ, ಅದನ್ನು ಒತ್ತಿ. ಇಂಗ್ಲಿಷ್ ಅಕ್ಷರ, ಅಂಕಿ ಸೇರಿದ ಉದ್ದನೆಯ ಸಾಲೊಂದು ಬರುತ್ತದೆ. ಅದೇ ಗುಟ್ಟಿನ ಕೀ. ನಾಲ್ಕು ನಾಲ್ಕು ಅಕ್ಷರವಾಗಿ ಬಿಡಿಸಿ ಕೈಯಲ್ಲೇ ಬರೆದುಕೊಳ್ಳಿ. ಬರೆಯುವಾಗ ಒಂದು ವಿಷಯ ಗೊತ್ತಿರಲಿ: ಅದರಲ್ಲಿ ಎ ಇಂದ ಝಡ್ ತನಕ ಅಕ್ಷರ, 2ರಿಂದ 7ರವರೆಗೆ ಅಂಕಿ ಮಾತ್ರ ಇರುತ್ತವೆ. ಸೊನ್ನೆ, ಒಂದು, ಎಂಟು, ಒಂಬತ್ತು ಬರುವುದೇ ಇಲ್ಲ. ಸೊನ್ನೆ ಥರ ಕಂಡರೆ ಅದು ಓ ಅಕ್ಷರ. ಇದನ್ನು ಹೇಳಿಕೊಟ್ಟ ಮೇಲೆ ನನ್ನ ಹತ್ತಿರ ಕಲಿತವರು ತಪ್ಪಾಗಿ ಬರೆದುಕೊಂಡದ್ದನ್ನು ನಾನು ಕಂಡಿಲ್ಲ, ಅಷ್ಟು ಹೆಮ್ಮೆ ನನಗಿದೆ.

ಜೊತೆಗೆ ಬ್ಯಾಕಪ್ ಕೋಡ್‌ಗಳು. ಗೂಗಲ್ ಎಂಟು ಅಂಕಿಯ ಹತ್ತು ಕೋಡ್ ಕೊಡುತ್ತದೆ, ಒಂದೊಂದನ್ನು ಒಂದೇ ಸಲ ಬಳಸಬಹುದು. ಪ್ರೋಗ್ರಾಂ ಬರೆಯುವವರು ತಮ್ಮ ಕೆಲಸ ಇಡುವ ಗಿಟ್‌ಹಬ್ ಕೂಡ ಕೊಡುತ್ತದೆ. ಪ್ರಾಜೆಕ್ಟ್ ಇರುವ ಇಂಜಿನಿಯರಿಂಗ್ ಹುಡುಗರು ಇದನ್ನು ಓದುತ್ತಿದ್ದರೆ ಈಗಲೇ ಇಳಿಸಿಕೊಳ್ಳಿ. ಜೆರಾಕ್ಸ್ ಅಂಗಡಿಯ ಕಂಪ್ಯೂಟರ್‌ಗೆ ಫೈಲ್ ಕಳಿಸಿ ಪ್ರಿಂಟ್ ತೆಗೆಸಬೇಡಿ, ಫೈಲ್ ಅಲ್ಲೇ ಉಳಿಯುತ್ತದೆ. ಹತ್ತು ಸಾಲು ಬರೆಯಲು ಕೈಗೇನು ನೋವು? ಆ ಹಾಳೆಯನ್ನು ಕವರ್‌ಗೆ ಹಾಕಿ, ಮನೆಪತ್ರ, ಎಲ್‌ಐಸಿ ಬಾಂಡ್ ಇರುವ ಕಡೆ ಇಡಿ. ಹಳೇ ಫೋನ್ ಒಂದು ಮೂಲೆಯಲ್ಲಿದ್ದರೆ ಎರಡು ಸಾವಿರಕ್ಕೆ ಎಕ್ಸ್‌ಚೇಂಜ್ ಮಾಡುವ ಬದಲು ಅದರಲ್ಲೂ ಅದೇ ಕೀ ಹಾಕಿ, ಸ್ಕ್ರೀನ್ ಲಾಕ್ ಮಾಡಿ ಇಟ್ಟುಕೊಳ್ಳಿ. ಸಿಮ್ ಬೇಡ. ಆಗಾಗ ಚಾರ್ಜ್ ಮಾಡಿ ವೈಫೈಗೆ ಸೇರಿಸಿದರೆ ಗಡಿಯಾರ ಸರಿಯಾಗಿರುತ್ತದೆ.

ನೀವು ಕೇಳಿಲ್ಲ, ಆದರೂ ಹೇಳಿಬಿಡುತ್ತೇನೆ. ಟು-ಫ್ಯಾಕ್ಟರ್, ಅಂದರೆ ಪಾಸ್‌ವರ್ಡ್ ಜೊತೆ ಕೋಡನ್ನೂ ಕೇಳುವ ಬೀಗ, ಹಾಕಿ ಎಲ್ಲ ಭದ್ರ ಮಾಡಿದ ಮನೆಯ ಯಜಮಾನರಿಗೆ ಏನಾದರೂ ಆದರೆ? ಹೆಂಡತಿಗೆ ಪಾಸ್‌ವರ್ಡ್ ಗೊತ್ತಿದ್ದರೂ ಕೋಡ್ ಇಲ್ಲದೆ ಒಳಗೆ ಹೋಗಲಾಗದು. ಫೋಟೋ, ಮೇಲ್, ಡ್ರೈವ್‌ನಲ್ಲಿಟ್ಟ ಕಾಗದಪತ್ರ ಎಲ್ಲ ಅಲ್ಲೇ. ಎರಡು ವರ್ಷ ಯಾರೂ ತೆರೆಯದ ವೈಯಕ್ತಿಕ ಅಕೌಂಟನ್ನು ಗೂಗಲ್ ಅಳಿಸಲೂಬಹುದು. ಇದಕ್ಕೆ ಗೂಗಲ್‌ನಲ್ಲಿ ಇನ್ಆ್ಯಕ್ಟಿವ್ ಅಕೌಂಟ್ ಮ್ಯಾನೇಜರ್ ಅಂತ ಒಂದು ವ್ಯವಸ್ಥೆ ಇದೆ. ನೀವು 3 ತಿಂಗಳಿಂದ 18 ತಿಂಗಳವರೆಗೆ ಒಂದು ಅವಧಿ ಗೊತ್ತುಮಾಡಬಹುದು. ಅಷ್ಟು ದಿನ ಅಕೌಂಟ್ ಸದ್ದಿಲ್ಲದೆ ಇದ್ದರೆ ನೀವು ಹೆಸರಿಸಿದವರಿಗೆ ಮೇಲ್ ಹೋಗುತ್ತದೆ, ನೀವು ಒಪ್ಪಿದಷ್ಟು ಡೇಟಾ ಅವರಿಗೆ ಸಿಗುತ್ತದೆ. ಹತ್ತು ಜನರವರೆಗೆ ಹೆಸರಿಸಬಹುದು. ಬ್ಯಾಂಕಿನಲ್ಲಿ ನಾಮಿನಿ ಬರೆಸುವವರು ಇದನ್ನು ಯಾಕೆ ಬಿಡುತ್ತಾರೋ ನನಗೆ ತಿಳಿಯದು. ಐಫೋನ್‌ನಲ್ಲಿ ಇದಕ್ಕೆ ಲೆಗಸಿ ಕಾಂಟ್ಯಾಕ್ಟ್ ಅಂತಾರೆ. ನೀವು ಆರಿಸಿದವರು ಆಮೇಲೆ ಒಂದು ಆ್ಯಕ್ಸೆಸ್ ಕೀ ಮತ್ತು ಮರಣ ಪ್ರಮಾಣಪತ್ರ ಕೊಡಬೇಕಾಗುತ್ತದೆ. ಆ ಆ್ಯಕ್ಸೆಸ್ ಕೀಯ ಪ್ರತಿಯೂ ಎಲ್‌ಐಸಿ ಬಾಂಡ್ ಪಕ್ಕದ ಕವರ್‌ನಲ್ಲೇ ಇರಲಿ, ಮತ್ತೆ ಕವರ್ ಎಲ್ಲಿದೆ ಅನ್ನುವುದು ಮನೆಯಲ್ಲಿ ಇನ್ನೊಬ್ಬರಿಗಾದರೂ ಗೊತ್ತಿರಲಿ.