ಮಾಳಗಿ ಮೇಲಿನ ಗೊರಕೆ, ಹೊರಸಿನ ಕೆಳಗಿನ ಮೆಷಿನ್

ಮೇ ತಿಂಗಳಲ್ಲಿ ಕಲಬುರಗಿ ಕಡೆ ಮನೆಯೊಳಗೆ ಮಲಗೋದು ಕಷ್ಟ. ಹಗಲೆಲ್ಲ ಕಾದ ಕಾಂಕ್ರೀಟ್ ರಾತ್ರಿ ಹನ್ನೊಂದಾದರೂ ಶಾಖ ಉಗುಳುತ್ತಿರುತ್ತದೆ. ಹಾಗಾಗಿ ಎಲ್ಲರೂ ಮಾಳಗಿ ಹತ್ತುತ್ತಾರೆ. ಸಾಲಾಗಿ ಹಾಸಿಗೆ, ಪಕ್ಕದಲ್ಲಿ ಒಂದು ತಂಬಿಗೆ ನೀರು. ಯಾರ ಗೊರಕೆ ಎಷ್ಟು ಜೋರು ಅನ್ನೋದು ಆಗ ಇಡೀ ಓಣಿಗೆ ಗೊತ್ತಾಗುತ್ತದೆ. ಜೇವರ್ಗಿಯ ನಮ್ಮ ಸೋದರಮಾವನ ಗೊರಕೆ ಮೂರು ಮಾಳಗಿ ದಾಟುತ್ತಿತ್ತು. ನಾವು ಹುಡುಗರು ನಗುತ್ತಿದ್ದೆವು. ಅತ್ತೆ ಮಾತ್ರ ನಗುತ್ತಿರಲಿಲ್ಲ. "ಗೊರಕಿ ಹೊಡೀತಿದ್ರ ನನಗ ನಿದ್ದಿ ಬರ್ತದ. ನಿಂತ್ರ ಎಚ್ಚರ ಆಗ್ತದ" ಅನ್ನುತ್ತಿದ್ದರು.

ಡಾಕ್ಟರ್ ಮೊದಲು ಕೇಳೋದೂ ಇದನ್ನೇ. ಗೊರಕೆ ನಡುವೆ ಸದ್ದು ಪೂರ್ತಿ ನಿಲ್ಲುತ್ತದಾ? ಸ್ವಲ್ಪ ಹೊತ್ತಾದ ಮೇಲೆ ಕುಸ್ತಿಯಲ್ಲಿ ಪಟ್ಟು ಬಿಡಿಸಿಕೊಂಡವರ ಹಾಗೆ ಗಕ್ಕನೆ ಉಸಿರು ಎಳೆಯುತ್ತಾರಾ? ಹೌದು ಅಂದರೆ ಅದು ಬರೀ ಗೊರಕೆ ಅಲ್ಲ. ನಿದ್ದೆಯಲ್ಲಿ ಉಸಿರು ಕಟ್ಟುವ ತೊಂದರೆ ಇರಬಹುದು. ಡಾಕ್ಟರುಗಳು ಇದನ್ನು ಸ್ಲೀಪ್ ಆಪ್ನಿಯಾ ಅನ್ನುತ್ತಾರೆ. ಹತ್ತು ಸೆಕೆಂಡ್ ಅಥವಾ ಅದಕ್ಕಿಂತ ಜಾಸ್ತಿ ಉಸಿರು ನಿಂತರೆ ಒಂದು ಸಲ ಅಂತ ಎಣಿಸುತ್ತಾರೆ. ಉಸಿರು ಪೂರ್ತಿ ನಿಲ್ಲದೆ ತುಂಬಾ ಕಡಿಮೆಯಾದದ್ದೂ ಲೆಕ್ಕಕ್ಕೆ ಬರುತ್ತದೆ. ಗಂಟೆಗೆ 5ರಿಂದ 15 ಸಲ ಆದರೆ ಸಣ್ಣ ಮಟ್ಟದ್ದು, 15ರಿಂದ 30 ಆದರೆ ಮಧ್ಯಮ, 30 ದಾಟಿದರೆ ತೀವ್ರ. ಗಂಟೆಗೆ 30 ಅಂದರೆ ಎರಡು ನಿಮಿಷಕ್ಕೊಮ್ಮೆ. ಆದರೂ ಬೆಳಿಗ್ಗೆ ಎದ್ದವರಿಗೆ ಇದ್ಯಾವುದೂ ನೆನಪಿರುವುದಿಲ್ಲ. ತಲೆ ಭಾರ, ಬಾಯಿ ಒಣಗಿದ್ದು, ರಾತ್ರಿ ಮೂರ್ನಾಲ್ಕು ಸಲ ಮೂತ್ರಕ್ಕೆ ಎದ್ದದ್ದು, ಊಟ ಆದ ಮೇಲೆ ಕೂತಲ್ಲೇ ತೂಕಡಿಕೆ, ಇಷ್ಟೇ ಗೊತ್ತಾಗೋದು. ಎಷ್ಟು ಮಾತ್ರೆ ನುಂಗಿದರೂ ಇಳಿಯದ ಬಿಪಿ ಹಿಂದೆಯೂ ಎಷ್ಟೋ ಸಲ ಇದೇ ಇರುತ್ತದೆ.

ಒಳಗೆ ಏನಾಗುತ್ತದೆ? ಭೀಮಾ ದಂಡೆಯಲ್ಲಿ ಪಂಪ್‌ಸೆಟ್ ಇಟ್ಟವರಿಗೆ ಇದು ಬೇಗ ಅರ್ಥ ಆಗುತ್ತದೆ. ನದಿಯಿಂದ ನೀರು ಎಳೆಯುವ ಕಡೆ ಅವರು ಗಟ್ಟಿ ಪೈಪನ್ನೇ ಹಾಕುತ್ತಾರೆ. ಅಲ್ಲಿ ಮೆತ್ತನೆಯ ಪೈಪ್ ಹಾಕಿದರೆ ಪಂಪ್ ಎಳೆದ ಕೂಡಲೇ ಅದರ ಎರಡು ಮಗ್ಗುಲೂ ಅಂಟಿಕೊಳ್ಳುತ್ತವೆ. ಜೋರಾಗಿ ಎಳೆದಷ್ಟೂ ಗಟ್ಟಿಯಾಗಿ ಅಂಟುತ್ತವೆ. ನೀರು ಬಿಡುವ ಕಡೆ ಮಾತ್ರ ಸುರುಳಿ ಸುತ್ತಿಡುವ ಚಪ್ಪಟೆ ಪೈಪ್ ನಡೆಯುತ್ತದೆ. ಒಳಗಿನ ಒತ್ತಡವೇ ಅದನ್ನು ಉಬ್ಬಿಸಿ ದುಂಡಗೆ ಮಾಡುತ್ತದೆ.

ನಮ್ಮ ಗಂಟಲು ಎಳೆಯುವ ಕಡೆ ಇರುವ ಮೆತ್ತನೆಯ ಪೈಪು. ಮೂಗಿನ ಹಿಂದೆ ಎಲುಬಿದೆ, ಕೆಳಗೆ ಶ್ವಾಸನಾಳದಲ್ಲಿ ಮೆದು ಎಲುಬಿನ ಉಂಗುರಗಳಿವೆ. ನಡುವಿನ ಗಂಟಲಿಗೆ ಅಂಥ ಆಸರೆ ಇಲ್ಲ. ಹಗಲಲ್ಲಿ ಅದರ ಸ್ನಾಯುಗಳು ಬಿಗಿಯಾಗಿದ್ದು ದಾರಿ ತೆರೆದಿಡುತ್ತವೆ. ನಿದ್ದೆ ಬಂದರೆ ಸಡಿಲ ಆಗುತ್ತವೆ. ಅಂಗಾತ ಮಲಗಿದರೆ ನಾಲಿಗೆಯೂ ಹಿಂದಕ್ಕೆ ಜಾರುತ್ತದೆ. ಕತ್ತಿನಲ್ಲಿ ಕೊಬ್ಬಿದ್ದರೆ, ಕೆಳದವಡೆ ಚಿಕ್ಕದಿದ್ದರೆ, ಮಲಗುವ ಮುಂಚೆ ಕುಡಿದಿದ್ದರೆ ದಾರಿ ಇನ್ನೂ ಇಕ್ಕಟ್ಟು. ಎದೆ ಗಾಳಿ ಎಳೆಯುತ್ತದೆ, ಗಂಟಲು ಅಂಟಿಕೊಳ್ಳುತ್ತದೆ. ರಕ್ತದಲ್ಲಿ ಆಕ್ಸಿಜನ್ ಇಳಿಯುತ್ತದೆ. ಮೆದುಳು ಗಾಬರಿಯಾಗಿ ಮೂರ್ನಾಲ್ಕು ಸೆಕೆಂಡ್ ಎಚ್ಚರಿಸುತ್ತದೆ, ಗಂಟಲು ಬಿಚ್ಚುತ್ತದೆ, ಮತ್ತೆ ನಿದ್ದೆ, ಮತ್ತೆ ಅದೇ ಕಥೆ. ದಪ್ಪ ಇರುವವರಿಗೆ ಮಾತ್ರ ಬರುತ್ತದೆ ಅಂದುಕೊಳ್ಳಬೇಡಿ. ತೆಳ್ಳಗಿನವರಿಗೂ ಬರುತ್ತದೆ, ಮುಟ್ಟು ನಿಂತ ಹೆಂಗಸರಿಗೂ ಬರುತ್ತದೆ, ಟಾನ್ಸಿಲ್ ಊದಿದ ಮಕ್ಕಳಿಗೂ ಬರುತ್ತದೆ.

1980ರ ತನಕ ತೀವ್ರವಾಗಿದ್ದವರಿಗೆ ಇದ್ದ ಗಟ್ಟಿ ಚಿಕಿತ್ಸೆ ಒಂದೇ. ಕುತ್ತಿಗೆಯಲ್ಲಿ ತೂತು ಮಾಡಿ ನಳಿಕೆ ಇಡೋದು. ಆಗ ಸಿಡ್ನಿಯ ಡಾಕ್ಟರ್ ಕಾಲಿನ್ ಸಲಿವನ್ ಅವರಿಗೆ ಚಪ್ಪಟೆ ಪೈಪಿನ ಉಪಾಯ ಹೊಳೆಯಿತು. ಕಸ ಎಳೆಯುವ ವ್ಯಾಕ್ಯೂಮ್ ಕ್ಲೀನರ್ ಮೋಟಾರನ್ನು ಉಲ್ಟಾ ಬಳಸಿ, ಮೂಗಿನೊಳಗೆ ಗಾಳಿ ಊದಿದರು. ಗಂಟಲು ಉಬ್ಬಿ ನಿಂತಿತು. ಐದು ರೋಗಿಗಳ ಮೇಲೆ ಮಾಡಿದ ಈ ಕೆಲಸ 1981ರಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಬಂತು. ಶುರುವಿನ ವರ್ಷಗಳಲ್ಲಿ ಮಾಸ್ಕನ್ನು ದಿನಾ ರಾತ್ರಿ ಸಿಲಿಕೋನ್ ಅಂಟು ಹಾಕಿ ಮೂಗಿಗೆ ಅಂಟಿಸಬೇಕಿತ್ತು. ಇವತ್ತು ಪಟ್ಟಿ ಬಿಗಿಯಾಯಿತು ಅಂತ ಗೊಣಗುವವರು ಇದನ್ನು ಒಮ್ಮೆ ನೆನೆಸಿಕೊಳ್ಳಬಹುದು.

ಅದೇ ಇವತ್ತಿನ ಸಿಪ್ಯಾಪ್ ಮೆಷಿನ್. ಟಿಫಿನ್ ಡಬ್ಬಿಯಷ್ಟು ದೊಡ್ಡದು. ಅದು ಊದುವ ಒತ್ತಡವನ್ನು ಸೆಂಟಿಮೀಟರ್ ನೀರಿನಲ್ಲಿ ಅಳೆಯುತ್ತಾರೆ, 4ರಿಂದ 20ರ ತನಕ. ಹತ್ತು ಸೆಂಟಿಮೀಟರ್ ಅಂದರೆ ಎಷ್ಟು ಅಂತ ನೋಡಬೇಕಾ? ಉದ್ದ ಲೋಟದಲ್ಲಿ ನೀರು ತುಂಬಿ, ಸ್ಟ್ರಾವನ್ನು ಹತ್ತು ಸೆಂಟಿಮೀಟರ್ ಮುಳುಗಿಸಿ ಊದಿ. ಗುಳ್ಳೆ ಬರೋಕೆ ಬೇಕಾದ ಒತ್ತಡ ಅಷ್ಟೇ. ನಮ್ಮ ಸುತ್ತಲಿನ ಗಾಳಿಯ ಒತ್ತಡದ ನೂರರಲ್ಲಿ ಒಂದು ಪಾಲು. ಕಲಬುರಗಿಯಿಂದ ಬೀದರಿಗೆ ಹೋದರೆ ಇನ್ನೂರು ಮೀಟರ್ ಎತ್ತರ ಏರುತ್ತೀರಿ. ಆಗ ಹೊರಗಿನ ಒತ್ತಡ ಸುಮಾರು 20 ಸೆಂಟಿಮೀಟರ್ ನೀರಿನಷ್ಟು ಇಳಿಯುತ್ತದೆ, ಸ್ಟ್ರಾ ಊದಿದ ಆ ಹತ್ತರ ಎರಡು ಪಟ್ಟು! ಹಾಗಾದರೆ ಬೀದರಿನವರ ಗಂಟಲೆಲ್ಲ ಮುಚ್ಚಬೇಕಿತ್ತಲ್ವಾ? ಇಲ್ಲ. ಗಂಟಲಿನ ಒಳಗೂ ಹೊರಗೂ ಒತ್ತಡ ಒಟ್ಟಿಗೇ ಇಳಿಯುತ್ತದೆ. ಲೆಕ್ಕಕ್ಕೆ ಬರೋದು ಒಳಹೊರಗಿನ ವ್ಯತ್ಯಾಸ. ಆ ಸಣ್ಣ ವ್ಯತ್ಯಾಸವನ್ನು ಮೆಷಿನ್ ರಾತ್ರಿಯಿಡೀ ಕಾಯುತ್ತದೆ.

ಇಲ್ಲೇ ನಮ್ಮ ಕಡೆ ಒಂದು ದೊಡ್ಡ ಗೊಂದಲ ಇದೆ. 2021ರ ಕೊರೊನಾ ಅಲೆಯಲ್ಲಿ ಎಷ್ಟೋ ಮನೆಗಳಿಗೆ ಆಕ್ಸಿಜನ್ ಕಾನ್ಸಂಟ್ರೇಟರ್ ಬಂತು. ಈಗ ಅಟ್ಟದ ಮೇಲೆ ಕೂತಿದೆ. ಮಾವನಿಗೆ ಉಸಿರು ಕಟ್ಟುತ್ತದೆ ಅಂದಾಗ ನೆಂಟರೊಬ್ಬರು ಕೂಡಲೇ, "ಅದನ್ನೇ ಇಳಿಸಿ ಹಚ್ರಿ" ಅಂದರು. ಎರಡೂ ಮೆಷಿನ್ನೇ, ಎರಡಕ್ಕೂ ಪೈಪಿದೆ, ಎರಡೂ ಮೂಗಿಗೇ. ಆದರೆ ಕೆಲಸ ಬೇರೆ. ಸಿಪ್ಯಾಪ್ ಮನೆಯ ಗಾಳಿಯನ್ನೇ ಒತ್ತಡ ಹಾಕಿ ಕೊಡುತ್ತದೆ. ಅದರಲ್ಲಿ ಆಕ್ಸಿಜನ್ ಎಂದಿನ ಹಾಗೆ ನೂರಕ್ಕೆ 21 ಪಾಲು. ಕಾನ್ಸಂಟ್ರೇಟರ್ ಒಳಗೆ ಜಿಯೋಲೈಟ್ ಅನ್ನೋ ಹರಳಿನಂಥ ಪುಡಿ ಇರುತ್ತದೆ. ಅದು ಗಾಳಿಯ ನೈಟ್ರೋಜನ್ ಹಿಡಿದಿಟ್ಟುಕೊಂಡು, ನೂರಕ್ಕೆ 90 ಪಾಲಿನ ಮೇಲೆ ಆಕ್ಸಿಜನ್ ಇರುವ ಗಾಳಿಯನ್ನು ಹೊರಗೆ ಬಿಡುತ್ತದೆ. ಗಂಟಲು ಮುಚ್ಚಿರುವವನ ಮೂಗಿನ ಮುಂದೆ ಎಷ್ಟು ಆಕ್ಸಿಜನ್ ಬಿಟ್ಟರೂ ಬಾಗಿಲು ತೆರೆಯುವುದಿಲ್ಲ. ಅವನಿಗೆ ಗಾಳಿಯ ಬರ ಇಲ್ಲ, ದಾರಿಯ ಬರ.

ಸುಮ್ನೆ ಹಚ್ಚಿದರೆ ಕೆಲವರಿಗೆ ಅಪಾಯವೂ ಇದೆ. ವರ್ಷಗಟ್ಟಲೆ ಕಟ್ಟಿಗೆ ಒಲೆ ಮುಂದೆ ರೊಟ್ಟಿ ಬಡಿದು ಹೊಗೆ ಕುಡಿದ ಹೆಂಗಸರಿಗೆ, ಬೀಡಿ ಸೇದಿದವರಿಗೆ ಸಿಒಪಿಡಿ ಅನ್ನೋ ಶ್ವಾಸಕೋಶದ ಕಾಯಿಲೆ ಬರುತ್ತದೆ. ಅವರಲ್ಲಿ ಕೆಲವರಿಗೆ ಆಕ್ಸಿಜನ್ ಜಾಸ್ತಿ ಕೊಟ್ಟರೆ ಒಳಗೆ ಇಂಗಾಲದ ಡೈಆಕ್ಸೈಡ್ ಏರಿ ಮಂಪರು ಕವಿಯಬಹುದು. ಅದಕ್ಕೇ ಡಾಕ್ಟರುಗಳು ಅಂಥವರಿಗೆ, ರಕ್ತದ ಆಕ್ಸಿಜನ್ ತೋರಿಸುವ ಆಕ್ಸಿಮೀಟರಿನಲ್ಲಿ 88ರಿಂದ 92 ಬಂದರೆ ಸಾಕು ಅನ್ನುತ್ತಾರೆ. ಮನೆಯವರು 98 ತೋರಿಸಬೇಕು ಅಂತ ಗುಂಡಿ ತಿರುಗಿಸುತ್ತಾರೆ! ಮನೆಯಲ್ಲಿ ಆಕ್ಸಿಜನ್ ನಿಜಕ್ಕೂ ಬೇಕಾದವರು ಇದ್ದಾರೆ. ಅವರಿಗೆ ದಿನಕ್ಕೆ 15 ಗಂಟೆಗಿಂತ ಕಡಿಮೆ ಇಲ್ಲದಂತೆ ಕೊಡುತ್ತಾರೆ. ಆ ಕೋಣೆಯಲ್ಲಿ ಎಣ್ಣೆ ದೀಪ, ಬೀಡಿ, ಊದುಬತ್ತಿ ಯಾವುದೂ ಬೇಡ. ವರ್ಷಗಟ್ಟಲೆ ಅಟ್ಟದಲ್ಲಿದ್ದ ಜಿಯೋಲೈಟ್ ತೇವ ಹೀರಿ ಕೆಟ್ಟಿರಬಹುದು. ಇಳಿಸಿದರೆ ಮೊದಲು ಎಷ್ಟು ಆಕ್ಸಿಜನ್ ಬರುತ್ತಿದೆ ಅಂತ ಅಳೆಸಬೇಕು.

ಆಕ್ಸಿಮೀಟರಿನ ವಿಷಯ ಬಂತಲ್ಲ, ಅದನ್ನೂ ಹೇಳಿಬಿಡುತ್ತೇನೆ. ಹಗಲಲ್ಲಿ ಬೆರಳಿಗೆ ಸಿಕ್ಕಿಸಿ 97 ಬಂದರೆ ರಾತ್ರಿ ಸರಿ ಇದೆ ಅಂತ ಅಲ್ಲ. ಎಚ್ಚರ ಇದ್ದಾಗ ಗಂಟಲು ತೆರೆದೇ ಇರುತ್ತದೆ. ರಾತ್ರಿಯಿಡೀ ದಾಖಲಿಸುವ ಪರೀಕ್ಷೆ ಬೇಕು. ಮನೆಯಲ್ಲೇ ಮಾಡುವ ಕಿಟ್ ಇದೆ. ಎದೆಗೊಂದು ಪಟ್ಟಿ, ಮೂಗಿನ ಕೆಳಗೆ ಸಣ್ಣ ನಳಿಕೆ, ಬೆರಳಿಗೊಂದು ಕ್ಲಿಪ್. ಮೆದುಳಿನ ಅಲೆ ಅದು ನೋಡುವುದಿಲ್ಲ. ಹಾಗಾಗಿ ಕೆಲವೊಮ್ಮೆ ಕಡಿಮೆ ಎಣಿಸುತ್ತದೆ. ಅದರಲ್ಲಿ ಏನೂ ಸಿಗದೆ ತೂಕಡಿಕೆ ಮಾತ್ರ ಹಾಗೇ ಇದ್ದರೆ ರಾತ್ರಿ ಅಲ್ಲೇ ಮಲಗಿಸಿ ಮೆದುಳಿನ ಅಲೆಯನ್ನೂ ನೋಡುವ ಲ್ಯಾಬಿನ ಪರೀಕ್ಷೆಯೇ ಗತಿ.

ಮೆಷಿನ್ ಮನೆಗೆ ಬಂದ ಮೇಲೆ ಅಸಲಿ ಕಥೆ ಶುರು. ಕೈಪಿಡಿ ಬರೆದವರು ಕಲಬುರಗಿ ಬೇಸಿಗೆ ನೋಡಿದಂತಿಲ್ಲ. ಹೆಚ್ಚಿನ ಮೆಷಿನ್‌ಗಳಿಗೆ ಕೋಣೆ 35 ಡಿಗ್ರಿ ಒಳಗಿರಬೇಕು ಅಂತ ಬರೆದಿರುತ್ತದೆ. ಮೋಟಾರ್ ದಾಟಿ ಬರುವ ಗಾಳಿ ಕೋಣೆಗಿಂತ ಇನ್ನೂ ಒಂದಿಷ್ಟು ಬಿಸಿ. ಮಾವ ಮೊದಲು ಅದನ್ನು ಗೋಡೆಯ ಕಪಾಟಿನಲ್ಲಿ ಇಟ್ಟಿದ್ದರು. ಮೂಗಿಗೆ ಬಿಸಿಗಾಳಿ ಹೊಡೆದು ಮಾಸ್ಕ್ ಕಿತ್ತೆಸೆದರು. ಆಮೇಲೆ ಕೆಳಗೆ ಶಹಾಬಾದ್ ಫರಸಿ ಮೇಲೆ ಇಟ್ಟರು. ನೆಲದ ಹತ್ತಿರ ತಂಪು ಜಾಸ್ತಿ. ಕೂಲರ್ ಗಾಳಿ ಕೋಣೆಗೆ ಬರಲಿ, ಆದರೆ ನೀರಿನ ಹನಿ ಮೆಷಿನ್ ಮೇಲೆ ಬೀಳಬಾರದು.

ನೀರು ಇನ್ನೊಂದು ತಲೆನೋವು. ಊದುವ ಗಾಳಿ ಮೂಗು ಒಣಗಿಸುತ್ತದೆ ಅಂತ ಮೆಷಿನ್ನಿಗೆ ನೀರಿನ ಚಿಕ್ಕ ತೊಟ್ಟಿ ಇರುತ್ತದೆ. ನಮ್ಮ ಬೋರ್‌ವೆಲ್ ನೀರು ಹಾಕಿದರೆ ವಾರದಲ್ಲಿ ಸ್ನಾನದ ಹಂಡೆಯ ಹಾಗೆ ಬಿಳಿ ಪದರ ಕಟ್ಟುತ್ತದೆ. ಕುದಿಸಿದರೆ ಕ್ರಿಮಿ ಸಾಯುತ್ತವೆ, ಉಪ್ಪು ಪೂರ್ತಿ ಹೋಗುವುದಿಲ್ಲ. ಡಿಸ್ಟಿಲ್ಡ್ ವಾಟರ್ ಒಳ್ಳೆಯದು. ಪೆಟ್ರೋಲ್ ಬಂಕಿನಲ್ಲಿ ಸಿಗುವ ಬ್ಯಾಟರಿ ನೀರು ಬೇಡ, ಅದನ್ನು ಉಸಿರಾಟಕ್ಕೆ ಅಂತ ಮಾಡಿಲ್ಲ. ಯಾವ ನೀರೇ ಆಗಲಿ, ಬೆಳಿಗ್ಗೆ ಚೆಲ್ಲಿ ತೊಟ್ಟಿ ತೊಳೆದು ಒಣಗಿಸಬೇಕು. ಡಿಸೆಂಬರಿನ ಚಳಿಯಲ್ಲಿ ಇದೇ ಆವಿ ಪೈಪಿನೊಳಗೆ ನೀರಾಗಿ ಗೊಳಗೊಳ ಅನ್ನುತ್ತದೆ. ಮೆಷಿನ್ ತಲೆಗಿಂತ ಕೆಳಗಿಟ್ಟು, ಪೈಪಿಗೆ ಹಳೆ ಸೀರೆ ತುಂಡು ಸುತ್ತಿದರೆ ಸಾಕು. ತೊಗರಿ ರಾಶಿಯ ದಿನಗಳಲ್ಲಿ ಫಿಲ್ಟರ್ ಬೇಗ ಕಪ್ಪಾಗುತ್ತದೆ, ಕಣ್ಣಿಟ್ಟಿರಿ.

ಕರೆಂಟಿನ ಲೆಕ್ಕ ನೋಡಿದರೆ ಹೆದರಬೇಕಿಲ್ಲ. ನೀರು ಬಿಸಿ ಮಾಡದೆ ನಡೆಸಿದರೆ ಸುಮಾರು 40 ವ್ಯಾಟ್. ಎಂಟು ಗಂಟೆಗೆ ಒಂದು ಯೂನಿಟ್ಟಿನ ಮೂರನೇ ಒಂದು ಪಾಲು. ಮನೆಯ ಇನ್ವರ್ಟರ್ ಆರಾಮಾಗಿ ಎಳೆಯುತ್ತದೆ. ಇನ್ವರ್ಟರ್ ಇಲ್ಲದೆ ನಡುರಾತ್ರಿ ಕರೆಂಟ್ ಹೋದರೆ ಉಸಿರು ಕಟ್ಟಿ ಸಾಯುತ್ತೇವಾ ಅಂತ ಎಲ್ಲರೂ ಕೇಳುತ್ತಾರೆ. ಮೂಗಿನ ಮಾಸ್ಕ್ ಆದರೆ ಬಾಯಿ ಇದೆ. ಬಾಯಿ ಮೂಗು ಎರಡೂ ಮುಚ್ಚುವ ಮಾಸ್ಕಿನಲ್ಲಿ ಗಾಳಿ ನಿಂತ ಕೂಡಲೇ ತೆರೆಯುವ ಒಂದು ಕವಾಟ ಇರುತ್ತದೆ. ಅದಿದೆಯಾ ಅಂತ ಕೊಳ್ಳುವಾಗಲೇ ನೋಡಿ. ಮಾಸ್ಕಿನಲ್ಲಿ ಸಣ್ಣ ತೂತುಗಳೂ ಇರುತ್ತವೆ. ಅಲ್ಲಿಂದ ಸುಯ್ ಅಂತ ಗಾಳಿ ಬರುತ್ತದೆ. ಸೋರುತ್ತಿದೆ ಅಂತ ಮಾವ ಅದಕ್ಕೆ ಟೇಪ್ ಅಂಟಿಸಿದ್ದರು! ನಾವು ಬಿಟ್ಟ ಉಸಿರು ಹೊರಗೆ ಹೋಗುವ ದಾರಿ ಅದು, ಯಾವತ್ತೂ ಮುಚ್ಚಬಾರದು. ನಿಜವಾಗಿ ಸೋರುತ್ತಿದ್ದದ್ದು ಮೀಸೆಯ ಹತ್ತಿರ. ದಪ್ಪ ಮೀಸೆಯ ಮೇಲೆ ಮಾಸ್ಕಿನ ಅಂಚು ಕೂರುವುದಿಲ್ಲ. ಮೀಸೆ ತೆಗೆಯಿರಿ ಅಂದರೆ ಮಾವ ಮೂರು ದಿನ ಮಾತು ಬಿಟ್ಟರು. ಕೊನೆಗೆ ಮೂಗಿನ ಹೊಳ್ಳೆಗೆ ಮಾತ್ರ ಕೂರುವ ಪುಟ್ಟ ದಿಂಬಿನಂಥ ಮಾಸ್ಕ್ ಬಂತು, ಮೀಸೆ ಉಳಿಯಿತು.

ಸೆಕೆಂಡ್ ಹ್ಯಾಂಡ್ ಕೊಳ್ಳುವವರಿಗೆ ಒಂದು ಮಾತು. 2021ರ ಜೂನ್‌ನಲ್ಲಿ ಫಿಲಿಪ್ಸ್ ಕಂಪನಿ ತನ್ನ ಲಕ್ಷಾಂತರ ಮೆಷಿನ್‌ಗಳನ್ನು ವಾಪಸ್ ಕರೆಯಿತು. ಸದ್ದು ತಗ್ಗಿಸಲು ಒಳಗಿಟ್ಟಿದ್ದ ಫೋಮ್ ಪುಡಿಯಾಗಿ ಉಸಿರಿನ ದಾರಿಗೆ ಸೇರಬಹುದು ಅನ್ನೋದು ಕಾರಣ. ಶಾಖ, ತೇವ ಜಾಸ್ತಿ ಇದ್ದಷ್ಟೂ ಅದು ಬೇಗ ಹಾಳು. ಹಳೆ ಮೆಷಿನ್ ಅಗ್ಗಕ್ಕೆ ಸಿಕ್ಕರೆ ಮಾಡೆಲ್ ಆ ಪಟ್ಟಿಯಲ್ಲಿದೆಯಾ ನೋಡಿಕೊಳ್ಳಿ. ಇನ್ನೊಬ್ಬರಿಗೆ ಇಟ್ಟ ಒತ್ತಡವನ್ನು ಹಾಗೇ ಬಳಸಬೇಡಿ.

ಇಷ್ಟೆಲ್ಲ ಮಾಡಿ ಲಾಭ ಎಷ್ಟು? ಹೆಚ್ಚಿನವರಿಗೆ ಹಗಲಿನ ತೂಕಡಿಕೆ ಕಡಿಮೆ ಆಗುತ್ತದೆ. ಬಿಪಿ ಸ್ವಲ್ಪ ಇಳಿಯುತ್ತದೆ. ಹೃದಯಾಘಾತ ತಪ್ಪುತ್ತದೆ ಅಂತ ಅಂಗಡಿಯವರು ಹೇಳಿದರೆ ಪೂರ್ತಿ ನಂಬಬೇಡಿ. 2016ರಲ್ಲಿ ಬಂದ 'ಸೇವ್' ಅನ್ನೋ ಅಧ್ಯಯನದಲ್ಲಿ ಭಾರತವೂ ಸೇರಿ 7 ದೇಶಗಳ 2,717 ಜನ ಇದ್ದರು. ಎಲ್ಲರಿಗೂ ಮೊದಲೇ ಹೃದಯದ ಅಥವಾ ಮೆದುಳಿನ ರಕ್ತನಾಳದ ತೊಂದರೆ ಇತ್ತು. ಸಿಪ್ಯಾಪ್ ಹಾಕಿದವರಲ್ಲಿ ಹೃದಯಾಘಾತ, ಪಾರ್ಶ್ವವಾಯು ಕಡಿಮೆ ಆಗಲಿಲ್ಲ. ಆದರೆ ಅವರು ಮೆಷಿನ್ ಹಾಕಿದ್ದು ರಾತ್ರಿಗೆ ಸರಾಸರಿ 3.3 ಗಂಟೆ. ಅರ್ಧ ರಾತ್ರಿ ಹಾಕಿದ್ದಕ್ಕೆ ಅರ್ಧ ಫಲ ಅಂತ ನನಗೆ ಅನ್ನಿಸುತ್ತದೆ. ಒಪ್ಪದವರೂ ಇದ್ದಾರೆ. ಏನೇ ಆಗಲಿ, ಎಷ್ಟು ಗಂಟೆ ಹಾಕಿದಿರಿ ಅನ್ನೋದು ಮೆಷಿನ್ನಿನ ಚಿಪ್‌ನಲ್ಲಿ ಉಳಿಯುತ್ತದೆ. ಡಾಕ್ಟರ್ ಮುಂದೆ ಸುಳ್ಳು ನಡೆಯುವುದಿಲ್ಲ. ಮೊದಲ ವಾರ ಕಷ್ಟ ಆದರೆ ಸಂಜೆ ಟಿವಿ ನೋಡುತ್ತ ಅರ್ಧ ಗಂಟೆ ಹಾಕಿಕೊಂಡು ಕೂತರೆ ರೂಢಿ ಆಗುತ್ತದೆ.

ಮೊನ್ನೆ ಮೇ ತಿಂಗಳಲ್ಲಿ ಮಾವ ಮಾಳಗಿಗೆ ಎಕ್ಸ್‌ಟೆನ್ಷನ್ ವೈರ್ ಎಳೆಸಿದರು. ಹೊರಸಿನ ಕೆಳಗೆ ಬೋರಲು ಹಾಕಿದ ಬುಟ್ಟಿ, ಅದರ ಮೇಲೆ ಮೆಷಿನ್, ಇರುವೆ ಹತ್ತದಿರಲಿ ಅಂತ ಸುತ್ತ ಅರಿಶಿನದ ಗೆರೆ. ಅತ್ತೆಗೆ ಮಾತ್ರ ಇನ್ನೂ ಸಮಾಧಾನ ಇಲ್ಲ. ಸದ್ದೇ ಇಲ್ಲದ ಗಂಡನ ಪಕ್ಕ ನಿದ್ದೆ ಬರೋದಿಲ್ಲವಂತೆ. ರಾತ್ರಿ ಒಮ್ಮೆ ಎದ್ದು, ಮಾಸ್ಕಿನ ತೂತಿನ ಮುಂದೆ ಅಂಗೈ ಹಿಡಿದು ನೋಡಿ ಮಲಗುತ್ತಾರೆ.