ಕೋವಿಯ ವಿಡಿಯೋ ನೋಡುವಾಗ ಯಾರ ಮಾತು ನಂಬೋಣ?

ಕಾಸರಗೋಡು ಜಿಲ್ಲೆಯ ಬದಿಯಡ್ಕದಲ್ಲಿ ಕೋವಿಯ ವಿಡಿಯೋಗಳನ್ನು ಒಟ್ಟಿಗೆ ನೋಡುವ ನಮ್ಮ ಕೂಟದಲ್ಲಿ ಈಗ ಐದು ಜನ ಇದ್ದೇವೆ. ಇಬ್ಬರು ಹತ್ತು ಮೀಟರ್ ಏರ್ ರೈಫಲ್ (ಗಾಳಿಯ ಒತ್ತಡದಿಂದ ಹೊಡೆಯುವ ಕೋವಿ) ಸ್ಪರ್ಧೆಗೆ ಕಲಿಯುವವರು. ಇಬ್ಬರ ಮನೆಯಲ್ಲಿ ಬೆಳೆ ಕಾಯಲೆಂದು ಲೈಸೆನ್ಸ್ ಪಡೆದ ತೋಟೆಕೋವಿ (ಶಾಟ್‌ಗನ್) ಇದೆ. ಇನ್ನೊಬ್ಬರು ಲೈಸೆನ್ಸಿಗೆ ಅರ್ಜಿ ಹಾಕಿ ಕಾಯುತ್ತಿದ್ದಾರೆ. ಕಾಡುಹಂದಿ ಕೊಲ್ಲಲು ಅನುಮತಿ ಕೊಡುವ ಅಧಿಕಾರವನ್ನು ಕೇರಳ ಸರಕಾರ 2022ರಲ್ಲಿ ಪಂಚಾಯತಿನ ಮಟ್ಟಕ್ಕೆ ಇಳಿಸಿತು. ಆಮೇಲೆ ನಮ್ಮ ಊರುಗಳಲ್ಲಿ ಕೋವಿಯ ಮಾತು ಜಾಸ್ತಿಯಾಗಿದೆ, ಅದರ ಜೊತೆಗೆ ವಿಡಿಯೋ ನೋಡುವುದೂ.

ನಾವು ನೋಡುವ ವಿಡಿಯೋಗಳಲ್ಲಿ ಹೆಚ್ಚಿನವು ಇಂಗ್ಲಿಷಿನವು, ಕೆಲವು ಹಿಂದಿ, ಕೆಲವು ಮಲಯಾಳಂ. ಇಲ್ಲೇ ಮೊದಲ ತೊಂದರೆ. ಭಾಷೆ ಅರ್ಧ ಮಾತ್ರ ತಿಳಿದಾಗ ನಾವು ಮಾತಿಗಿಂತ ದನಿಯನ್ನು ನಂಬುತ್ತೇವೆ. ಗಟ್ಟಿ ದನಿ, ಸೈನಿಕರ ಹಾಗಿನ ಬಟ್ಟೆ, ಹಿಂದೆ ಗೋಡೆ ತುಂಬ ಕೋವಿಗಳು, ಇಷ್ಟಿದ್ದರೆ ಇವರಿಗೆ ಎಲ್ಲ ಗೊತ್ತು ಅನಿಸಿಬಿಡುತ್ತದೆ. ಮೂರು ತಿಂಗಳು ಒಟ್ಟಿಗೆ ಕೂತು ನೋಡಿದ ಮೇಲೆ ನಮಗೆ ಒಂದು ವಿಷಯ ಸ್ಪಷ್ಟವಾಯಿತು. ತಾನು ಹೇಳಿದ್ದನ್ನು ನಾವು ಪರೀಕ್ಷಿಸಲು ಬೇಕಾದ ವಿವರವನ್ನು ಆ ವ್ಯಕ್ತಿ ಕೊಡುತ್ತಾನೆಯೇ? ನೋಡಬೇಕಾದದ್ದು ಅದನ್ನೇ. ಹೊಸದಾಗಿ ಸೇರುವವರಿಗೆ ಅನುಕೂಲವಾಗಲಿ ಅಂತ ಇದನ್ನು ಬರೆದಿಡುತ್ತಿದ್ದೇನೆ.

ಮೊದಲು ಸೌಂಡ್ ಬಂದ್ ಮಾಡಿ

ಯಾವುದೇ ಹೊಸ ಚಾನೆಲ್ಲಿನ ಮೊದಲ ಎರಡು ನಿಮಿಷವನ್ನು ಸದ್ದಿಲ್ಲದೆ ನೋಡಿ. ಎರಡೇ ಕಡೆ ಕಣ್ಣಿಡಿ: ನಳಿಗೆಯ ಬಾಯಿ ಎತ್ತ ತಿರುಗಿದೆ, ತೋರುಬೆರಳು ಎಲ್ಲಿದೆ.

ಅಮೆರಿಕದ ಕೋವಿ ತರಬೇತುದಾರ ಜೆಫ್ ಕೂಪರ್ ಹೇಳಿಕೊಟ್ಟ ನಾಲ್ಕು ನಿಯಮಗಳನ್ನು ಇವತ್ತು ಜಗತ್ತಿನಾದ್ಯಂತ ಕಲಿಸುತ್ತಾರೆ. ಎಲ್ಲ ಕೋವಿಯೂ ತುಂಬಿದ ಕೋವಿಯೇ ಎಂದು ತಿಳಿಯಬೇಕು. ನಾಶವಾಗಬಾರದ ಯಾವುದರ ಕಡೆಗೂ ನಳಿಗೆ ತಿರುಗಬಾರದು. ಗುರಿ ಹಿಡಿಯುವವರೆಗೆ ಬೆರಳು ಟ್ರಿಗರಿನ ಹೊರಗೇ ಇರಬೇಕು. ಗುರಿ ಏನು, ಅದರ ಹಿಂದೆ ಏನಿದೆ ಎಂಬುದು ಗೊತ್ತಿರಬೇಕು.

ಮೊನ್ನೆ ನೋಡಿದ ಒಂದು ವಿಡಿಯೋದಲ್ಲಿ ತರಬೇತುದಾರರು ಈ ನಾಲ್ಕನ್ನೂ ಚಂದ ಮಾಡಿ ಹೇಳಿದರು. ಅದನ್ನೇ ಸದ್ದಿಲ್ಲದೆ ಇನ್ನೊಮ್ಮೆ ಹಾಕಿದೆವು. ಮೇಜಿನಿಂದ ಪಿಸ್ತೂಲು ಎತ್ತಿ ಕ್ಯಾಮೆರಾ ಕಡೆ ತಿರುಗುವಾಗ ನಳಿಗೆಯ ಬಾಯಿ ಅವರದೇ ಎಡಗೈ ಮಣಿಕಟ್ಟಿನ ಮೇಲಿಂದ ಹಾದುಹೋಯಿತು. ಬೆರಳು ಟ್ರಿಗರ್ ಮೇಲೆಯೇ ಇತ್ತು. ಚೇಂಬರ್ (ಗುಂಡು ಕೂರುವ ಜಾಗ) ಖಾಲಿ ಅಂತ ಒಮ್ಮೆಯೂ ತೆರೆದು ತೋರಿಸಲಿಲ್ಲ. ಸದ್ದು ಇದ್ದಾಗ ನಮ್ಮ ಐವರಲ್ಲಿ ಒಬ್ಬರಿಗೂ ಇದು ಕಂಡಿರಲಿಲ್ಲ. ಆ ಚಾನೆಲನ್ನು ಅಲ್ಲಿಗೇ ಬಿಟ್ಟೆವು. ಕೈಗೆ ಅಭ್ಯಾಸ ಆಗದ್ದನ್ನು ಬಾಯಲ್ಲಿ ಕಲಿಸುವವರಿಂದ ನಮ್ಮ ಮಕ್ಕಳು ಕೈಯ ಅಭ್ಯಾಸವನ್ನೇ ಕಲಿಯುತ್ತಾರೆ. ನನಗೆ ನಿಜವಾಗಿ ಹೆದರಿಕೆ ಇರುವುದು ಇದೇ.

ವೇಗದ ಲೆಕ್ಕ

ಏರ್ ರೈಫಲ್ ವಿಡಿಯೋಗಳಲ್ಲಿ ಪದೇ ಪದೇ ಕೇಳುವ ಮಾತು: 'ಸೆಕೆಂಡಿಗೆ 1200 ಅಡಿ!' ಇದನ್ನು ನಾವೇ ಲೆಕ್ಕ ಹಾಕಬಹುದು. ದಯವಿಟ್ಟು ಪೆನ್ನು ಹಿಡಿದು ಮಾಡಿ ನೋಡಿ.

1200 ಅಡಿ ಎಂದರೆ ಸುಮಾರು 366 ಮೀಟರ್. ಶಕ್ತಿಯ ಸೂತ್ರ ಹೈಸ್ಕೂಲಿನದ್ದೇ: ತೂಕದ ಅರ್ಧ, ಗುಣಿಸು ವೇಗದ ವರ್ಗ. ಪೆಲೆಟ್ಟಿನ, ಅಂದರೆ ಏರ್ ರೈಫಲಿನ ಪುಟ್ಟ ಗುಂಡಿನ, ತೂಕ ಬೇಕಲ್ವಾ? ಪೇಟೆಯ ಚಿನ್ನದ ಅಂಗಡಿಯಲ್ಲಿ ಕೇಳಿಕೊಂಡು ಹತ್ತು ಸೀಸದ ಪೆಲೆಟ್ಟುಗಳನ್ನು ತೂಗಿಸಿದೆವು. 5.4 ಗ್ರಾಂ ಬಂತು, ಅಂದರೆ ಒಂದಕ್ಕೆ 0.54 ಗ್ರಾಂ. ಈ ತೂಕಕ್ಕೆ 366 ಮೀಟರ್ ವೇಗ ಇದ್ದರೆ ಶಕ್ತಿ ಸುಮಾರು 36 ಜೂಲ್.

ಈಗ ಕಾನೂನು ನೋಡಿ. 2016ರ ಆರ್ಮ್ಸ್ ರೂಲ್ಸ್ ಪ್ರಕಾರ ಲೈಸೆನ್ಸ್ ಇಲ್ಲದೆ ಇಟ್ಟುಕೊಳ್ಳಬಹುದಾದ ಏರ್ ರೈಫಲಿಗೆ ಮಿತಿ ಇದೆ: 20 ಜೂಲ್ ಮತ್ತು .177 ಬೋರ್ (ನಳಿಗೆಯ ಒಳ ಅಗಲ, ಇಂಚಿನಲ್ಲಿ). 0.54 ಗ್ರಾಂ ಪೆಲೆಟ್ 20 ಜೂಲಿನಲ್ಲಿ ಹೋಗುವುದು ಸೆಕೆಂಡಿಗೆ ಸುಮಾರು 272 ಮೀಟರ್, ಅಂದರೆ 890 ಅಡಿಯ ಆಸುಪಾಸು ಮಾತ್ರ. ಹಾಗಾದರೆ 'ಲೈಸೆನ್ಸ್ ಬೇಡ, 1200 ಅಡಿ' ಎನ್ನುವವರು ಸುಳ್ಳು ಹೇಳುತ್ತಿದ್ದಾರೆಯೇ? ಹಾಗೇ ಆಗಬೇಕೆಂದಿಲ್ಲ. ಮಿಶ್ರಲೋಹದ ತೀರ ಹಗುರ ಪೆಲೆಟ್ ಸಿಗುತ್ತದೆ. ಅದು 0.3 ಗ್ರಾಂ ಇದ್ದರೆ 1200 ಅಡಿಗೂ 20 ಜೂಲೇ ಆಗುತ್ತದೆ. ಆದರೆ ನಾವು ದಿನಾ ಹಾಕುವುದು ಸೀಸದ್ದು. ವೇಗ ಹೇಳಿ ತೂಕ ಹೇಳದ ವಿಮರ್ಶೆ ಅರ್ಧ ವಿಮರ್ಶೆ. ವೇಗ ಅಳೆಯುವ ಕ್ರೋನೋಗ್ರಾಫ್ ಯಂತ್ರವನ್ನು ತೋರಿಸದೆ ಡಬ್ಬಿಯ ಮೇಲಿನ ಅಂಕಿಯನ್ನೇ ಓದಿದರೆ ಅದು ವಿಮರ್ಶೆಯೇ ಅಲ್ಲ.

ವೇಗ ಜಾಸ್ತಿ ಆದರೆ ಗುರಿ ಚೆನ್ನಾಗಿರುತ್ತದೆ ಎಂಬುದೂ ಸರಿಯಲ್ಲ. ಸ್ಪರ್ಧೆಯ ಏರ್ ರೈಫಲುಗಳ ವೇಗ ಸೆಕೆಂಡಿಗೆ ಸುಮಾರು 170 ಮೀಟರ್ ಅಷ್ಟೇ. ಹತ್ತು ಮೀಟರ್ ದೂರದ ಆ ಗುರಿಹಾಳೆಯಲ್ಲಿ ಹತ್ತು ಅಂಕದ ನಡುಚುಕ್ಕಿ ಇರುವುದು ಅರ್ಧ ಮಿಲಿಮೀಟರ್. 2008ರಲ್ಲಿ ಬೀಜಿಂಗಿನಲ್ಲಿ ಅಭಿನವ್ ಬಿಂದ್ರಾ ಚಿನ್ನ ಗೆದ್ದದ್ದು ಈ ಸ್ಪರ್ಧೆಯಲ್ಲೇ. ಶಬ್ದದ ವೇಗದ ಹತ್ತಿರ ಬಂದರೆ ಪೆಲೆಟ್ ಅಲುಗಾಡಿ ದಾರಿ ತಪ್ಪುತ್ತದೆ. ನಮ್ಮ ಸೆಕೆಯಲ್ಲಿ ಆ ವೇಗ ಸುಮಾರು 350 ಮೀಟರ್.

ಮೂರು ಈಡಿನ ಗ್ರೂಪು

'ನೋಡಿ, ಮೂರು ಗುಂಡು ಒಂದೇ ತೂತು' ಎಂದು ಹಾಳೆ ತೋರಿಸುತ್ತಾರೆ. ಒಂದೇ ಗುರಿಗೆ ಹೊಡೆದ ಈಡುಗಳ ತೂತುಗಳ ಗುಂಪಿಗೆ ಗ್ರೂಪು ಎನ್ನುತ್ತಾರೆ; ಅತಿ ದೂರದ ಎರಡು ತೂತುಗಳ ನಡುವಿನ ಅಂತರವೇ ಅದರ ಅಳತೆ. ಹೀಗೆ ತೋರಿಸಿದರೆ ಎರಡು ಪ್ರಶ್ನೆ ಕೇಳಬೇಕು. ಹೀಗೆ ಎಷ್ಟು ಹಾಳೆ ಹೊಡೆದರು? ಯಾಕೆ ಮೂರೇ?

ನಾವು ಮನೆಯ ಏರ್ ರೈಫಲಿನಲ್ಲಿ, ಹಿಂದೆ ಮಣ್ಣಿನ ದಿಣ್ಣೆ ಇಟ್ಟು, ಹತ್ತು ಮೀಟರಿನಿಂದ ಮಾಡಿ ನೋಡಿದೆವು. ಮೊದಲ ಮೂರು ತೂತು ಒಂದು ರೂಪಾಯಿ ನಾಣ್ಯದ ಅಡಿ ಮುಚ್ಚಿಹೋಯಿತು. ಎಲ್ಲರಿಗೂ ಖುಷಿ. ಅದೇ ಹಾಳೆಗೆ ಇನ್ನೂ ಏಳು ಹೊಡೆದಾಗ ಹತ್ತು ರೂಪಾಯಿ ನಾಣ್ಯವೂ ಸಾಕಾಗಲಿಲ್ಲ. ರೈಫಲ್ ಕೆಟ್ಟಿರಲಿಲ್ಲ, ಹೊಡೆದವನ ಕೈಯೂ ಸೋತಿರಲಿಲ್ಲ. ಈಡು ಹೆಚ್ಚಾದಂತೆ ಗ್ರೂಪು ಅಗಲವಾಗುವುದು ಸಹಜ. ಸಂಭವನೀಯತೆಯ ಲೆಕ್ಕದಲ್ಲಿ, ಮೂರು ಈಡಿಗೆ ಸರಾಸರಿ 24 ಮಿಲಿಮೀಟರ್ ಗ್ರೂಪು ಕೊಡುವ ರೈಫಲ್ ಐದಕ್ಕೆ ಸುಮಾರು 31, ಹತ್ತಕ್ಕೆ ಸುಮಾರು 38 ಕೊಡುತ್ತದೆ. ಆದ್ದರಿಂದ ಒಬ್ಬರ ಮೂರು ಈಡಿನ ಹಾಳೆಯನ್ನು ಇನ್ನೊಬ್ಬರ ಹತ್ತು ಈಡಿನ ಹಾಳೆಯ ಪಕ್ಕ ಇಟ್ಟು ಹೋಲಿಸಬೇಡಿ. ಹತ್ತು ಈಡು ಹೊಡೆದು, ದೂರಕ್ಕೆ ಹೋದ ಒಂದನ್ನೂ ಬಿಡದೆ ಅಳೆದು ತೋರಿಸುವವರು ಸಿಕ್ಕಿದರೆ ಗಟ್ಟಿಯಾಗಿ ಹಿಡಿದುಕೊಳ್ಳಿ.

ತೋಟೆಕೋವಿಗೆ ಅಳತೆ ಬೇರೆ. 40 ಗಜ ದೂರದ ಹಾಳೆಯ ಮೇಲೆ 30 ಇಂಚಿನ ವೃತ್ತ ಎಳೆದು ಅದರೊಳಗೆ ತೋಟೆಯೊಳಗಿನ ಚರೆಗಳಲ್ಲಿ (ಸಣ್ಣ ಗುಂಡುಗಳಲ್ಲಿ) ನೂರಕ್ಕೆ ಎಷ್ಟು ಬಿತ್ತು ಎಂದು ಎಣಿಸುತ್ತಾರೆ. ಫುಲ್ ಚೋಕ್ ನಳಿಗೆಗೆ (ಚರೆ ಹರಡದಂತೆ ಬಾಯಿ ಕಿರಿದು ಮಾಡಿದ್ದಕ್ಕೆ) 70ರ ಹತ್ತಿರ ಬರಬೇಕು. ವಿಡಿಯೋದಲ್ಲಿ ಈಡಿಗೆ ಕಲ್ಲಂಗಡಿ ಒಡೆಯುವುದನ್ನು ನೋಡಿ ನಮಗೆ ಏನೂ ತಿಳಿಯುವುದಿಲ್ಲ. ನೀರು ತುಂಬಿದ ಹಣ್ಣು ಯಾವ ತೋಟೆಕೋವಿಯ ಈಡಿಗೂ ಸಿಡಿಯುತ್ತದೆ.

ವಿಡಿಯೋ ನಿಜವಾಗಿ ಉಪಕಾರ ಮಾಡಿದ್ದು

ವಿಡಿಯೋ ಮಾಡುವವರೆಲ್ಲ ಹೀಗೇ ಎಂದು ದೂರುವುದು ನ್ಯಾಯವಲ್ಲ. 2017ರಲ್ಲಿ ಅಮೆರಿಕದಲ್ಲಿ ಸಿಗ್ ಸಾವರ್ ಕಂಪೆನಿಯ ಪಿ320 ಪಿಸ್ತೂಲು ಹಿಂಭಾಗ ಕೆಳಗಾಗಿ ಒಂದು ಕೋನದಲ್ಲಿ ಬಿದ್ದರೆ ಗುಂಡು ತಾನಾಗಿ ಹಾರುತ್ತದೆ ಎಂದು ಕೆಲವರು ಬೀಳಿಸಿ ತೋರಿಸಿದರು. ಎಷ್ಟು ಎತ್ತರ, ಯಾವ ಕೋನ ಎಂಬುದನ್ನೂ ಹೇಳಿದ್ದರಿಂದ ಬೇರೆಯವರೂ ಹಾಗೇ ಮಾಡಿ ನೋಡಬಹುದಿತ್ತು. ಅದೇ ಆಗಸ್ಟಿನಲ್ಲಿ ಕಂಪೆನಿ ಹಳೆಯ ಪಿಸ್ತೂಲುಗಳ ಒಳಭಾಗ ಬದಲಿಸಿಕೊಡುವುದಾಗಿ ಪ್ರಕಟಿಸಿತು. ಅವರು 'ಇದು ಅಪಾಯ, ನನ್ನ ಮಾತು ನಂಬಿ' ಎಂದಷ್ಟೇ ಹೇಳಿದ್ದರೆ ಯಾರೂ ಕೇಳುತ್ತಿರಲಿಲ್ಲ.

ಕಲಿಸುವವರ ಬಗ್ಗೆ

'ನಾನು ಮಿಲಿಟರಿಯಲ್ಲಿ ಇದ್ದವನು' ಎಂದರೆ ಗೌರವ ಕೊಡೋಣ. ಆದರೆ ಅಲ್ಲಿ ಏನು ಮಾಡುತ್ತಿದ್ದರು, ಯಾರಿಗೆ ಕಲಿಸಿದರು ಎಂದು ಕೇಳಲೇಬೇಕು. ಕೋಣೆಗೆ ನುಗ್ಗುವುದನ್ನು ಕಲಿತವರಿಗೆ ಕತ್ತಲಲ್ಲಿ ಕಂಗಿನ (ಅಡಿಕೆ ಮರದ) ಸಾಲಿನ ನಡುವೆ, ಆಚೆ ಬದಿಯಲ್ಲಿ ನೆರೆಮನೆ ಇರುವಾಗ, ಹಂದಿಗೆ ಈಡು ಹೊಡೆಯಬೇಕೋ ಬೇಡವೋ ಎಂಬುದು ಗೊತ್ತಿರಬೇಕೆಂದಿಲ್ಲ. ಸ್ಪರ್ಧೆಗೆ ಕಲಿಸುವವರಾದರೆ ಐಎಸ್‌ಎಸ್‌ಎಫ್ (ಅಂತಾರಾಷ್ಟ್ರೀಯ ಶೂಟಿಂಗ್ ಒಕ್ಕೂಟ) ಕೋಚ್ ಲೈಸೆನ್ಸ್ ಇದೆಯೇ ಕೇಳಿ. ಕೋವಿ ಲೈಸೆನ್ಸಿಗೆ ಬೇಕಾದ ಸುರಕ್ಷತಾ ತರಬೇತಿಗೆ ಎಸ್-1 ಫಾರ್ಮಿನ ಪ್ರಮಾಣಪತ್ರವೇ ಬೇಕು. ಎಷ್ಟು ವಿಡಿಯೋ ನೋಡಿದರೂ ಅದು ಸಿಗುವುದಿಲ್ಲ.

ಕಾನೂನಿನ ಮಾತು ಬಂದಾಗ ಅಮೆರಿಕದ ವಿಡಿಯೋವನ್ನು ಪೂರ್ತಿ ಬದಿಗಿಡಿ. ಮಂಚದ ಪಕ್ಕ ತುಂಬಿದ ಪಿಸ್ತೂಲು ಇಡುವ ಪಾಠ ಅಲ್ಲಿಯದು. ಖುಷಿಗೆ ಗಾಳಿಯಲ್ಲಿ ಗುಂಡು ಹಾರಿಸಿ ಜನರಿಗೆ ಅಪಾಯ ತಂದರೆ ನಮ್ಮಲ್ಲಿ ಆರ್ಮ್ಸ್ ಆಕ್ಟಿನ 2019ರ ತಿದ್ದುಪಡಿಯ ಪ್ರಕಾರ ಎರಡು ವರ್ಷದವರೆಗೆ ಜೈಲು, ಒಂದು ಲಕ್ಷದವರೆಗೆ ದಂಡ, ಅಥವಾ ಎರಡೂ.

ಹಣ ಪಡೆದು ಹೊಗಳಿದ್ದರೆ ಅದನ್ನು ಹೇಳಲೇಬೇಕು ಎಂಬ ಸೂಚನೆ ನಮ್ಮ ದೇಶದಲ್ಲೂ ಇದೆ. ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2023ರಲ್ಲಿ ಅದನ್ನು ಪ್ರಕಟಿಸಿದೆ. ಪುಕ್ಕಟೆ ಬಂದ ವಸ್ತುವಿಗೂ ಇದು ಅನ್ವಯ. ಹೇಳಿದವರನ್ನು ಅದಕ್ಕಾಗಿಯೇ ತಿರಸ್ಕರಿಸಬೇಡಿ, ಹೇಳದವರಿಗಿಂತ ಅವರು ಎಷ್ಟೋ ಮೇಲು.

ಕಳೆದ ತಿಂಗಳು ಎರಡು ಚಾನೆಲ್ಲುಗಳಿಗೆ ಒಂದೇ ಪ್ರಶ್ನೆ ಬರೆದೆವು: 'ವೇಗ ಅಳೆದಾಗ ಹಾಕಿದ ಪೆಲೆಟ್ಟಿನ ತೂಕ ಎಷ್ಟು?' ಒಬ್ಬರು 'ತೆಗೆದುಕೊಂಡು ನೋಡಿ, ಗೊತ್ತಾಗುತ್ತದೆ' ಎಂದು ಉತ್ತರಿಸಿದರು. ಇನ್ನೊಬ್ಬರು ಎರಡು ದಿನ ಬಿಟ್ಟು ಬರೆದರು: ತೂಕ ಹೇಳಲು ಮರೆತಿದ್ದೆ, ಹಾಕಿದ್ದು ಹಗುರದ್ದು, ಸೀಸದ್ದು ಹಾಕಿ ಮತ್ತೆ ಅಳೆಯುತ್ತೇನೆ. ಹಾಗೇ ಅಳೆದರು. ಹೊಸ ವಿಡಿಯೋದಲ್ಲಿ ವೇಗ ಕಡಿಮೆ ಬಂದದ್ದನ್ನು ಬಿಡದೆ ತೋರಿಸಿದ್ದಾರೆ. ಪುಟ್ಟ ತಕ್ಕಡಿಯೊಂದು ಮೇಜಿನ ಮೇಲೆ ಕ್ರೋನೋಗ್ರಾಫಿನ ಪಕ್ಕದಲ್ಲೇ ಇದೆ.